ಆಟಿಯ ಮಳೆಯೂ ಶುಷ್ಕಯಂತ್ರವೂ

ಕಾರ್ಕಳದಿಂದ ಕುದುರೆಮುಖದ ಕಡೆಗೆ ಹೋಗುವ ಹಾದಿಯಲ್ಲಿ, ಘಟ್ಟದ ಬುಡದಲ್ಲಿರುವ ನಮ್ಮ ಬಜಗೋಳಿಗೆ ಜೂನ್ ತಿಂಗಳಲ್ಲಿ ಆಗಮಿಸುವ ಮಳೆರಾಯನು, ಅಂಗಳದಲ್ಲಿಯೇ ನಿಲ್ಲುವ ಸೌಜನ್ಯವನ್ನು ತೋರದೆ ಒಳನುಗ್ಗಿ, ಮರಿಗೆಯ ಉಪ್ಪನ್ನು ನೀರು ಮಾಡಿ, ಹಪ್ಪಳದ ಬಿಗುಮಾನವನ್ನು ಇಳಿಸಿ, ಕಪಾಟಿನಲ್ಲಿ ಮಡಿಸಿಟ್ಟ ಮದುವೆಯ ಕೋಟಿಗೆ ಬೂಷ್ಟಿನ ಕಸೂತಿಯನ್ನು ಹಾಕಿ, ಆಟಿ ತಿಂಗಳು ಕಳೆಯುವುದರೊಳಗೆ ಗೃಹಸ್ಥನ ವೈರಾಗ್ಯವನ್ನು ಪರೀಕ್ಷಿಸಿಬಿಡುತ್ತಾನೆ. 1432ರಿಂದಲೂ ಈ ಮಳೆಯಲ್ಲಿ ನೆನೆಯುತ್ತ ನಿಂತಿರುವ ಕಾರ್ಕಳದ ಗೊಮ್ಮಟಸ್ವಾಮಿಯೊಬ್ಬನೇ ಈ ಕ್ಲೇಶದಿಂದ ಮುಕ್ತನು. ವಸ್ತ್ರವನ್ನೇ ತ್ಯಜಿಸಿದವನಿಗೆ ಅದನ್ನು ಒಣಗಿಸುವ ಚಿಂತೆಯೆಲ್ಲಿ?

ಹಿಂದಿನವರಿಗೆ ಒಲೆಯ ಮೇಲಿನ ಅಟ್ಟವಿತ್ತು, ಅಟ್ಟಕ್ಕೆ ಹೊಗೆಯಿತ್ತು, ಅಕ್ಕಿಗೆ ಬೈಹುಲ್ಲಿನ ಮುಡಿಯಿತ್ತು. ಗ್ಯಾಸ್ ಒಲೆ ಬಂದು ಹೊಗೆ ಹೋದ ಮೇಲೆ, ಪುಸ್ತಕಗಳನ್ನಾದರೂ ಉಳಿಸಿಕೊಳ್ಳೋಣವೆಂದು ನಾನು ಡಿಹ್ಯುಮಿಡಿಫೈಯರ್ ಎಂಬ ಶುಷ್ಕಯಂತ್ರವನ್ನು ಮನೆಗೆ ತಂದೆನು. ಇದರ ಉದರದಲ್ಲಿ ಜಿಯೋಲೈಟ್ ಅಥವಾ ಸಿಲಿಕಾ ಜೆಲ್ ಎಂಬ ಜಲಪಿಪಾಸು ದ್ರವ್ಯವನ್ನು ಲೇಪಿಸಿದ ಚಕ್ರವೊಂದು ಮಂದಗತಿಯಿಂದ ತಿರುಗುತ್ತಿರುತ್ತದೆ. ಹೊಸ ಪಾದರಕ್ಷೆಯ ಪೆಟ್ಟಿಗೆಯಲ್ಲಿ, ತಿನ್ನಬಾರದೆಂಬ ಎಚ್ಚರಿಕೆಯೊಡನೆ ಬರುವ ಹರಳಿನ ಪೊಟ್ಟಣದ ಜ್ಞಾತಿಯೇ ಇದು. ಕೋಣೆಯ ಗಾಳಿಯ ತೇವವನ್ನು ಒಂದು ಪಾರ್ಶ್ವದಲ್ಲಿ ಹೀರಿದ ಚಕ್ರವು ಇನ್ನೊಂದು ಪಾರ್ಶ್ವಕ್ಕೆ ತಿರುಗಿದೊಡನೆ, ಕಾಸಿದ ಗಾಳಿಯು ಆ ತೇವವನ್ನು ಕಸಿದುಕೊಳ್ಳುತ್ತದೆ. ಅದು ತಣಿದು, ನೀರಾಗಿ, ಕೆಳಗಿನ ತೊಟ್ಟಿಗೆ ಇಳಿಯುತ್ತದೆ.

ಯಂತ್ರದ ಪ್ರಥಮ ನಿಯಮವೆಂದರೆ ಬಾಗಿಲು ಕಿಟಕಿಗಳನ್ನು ಮುಚ್ಚಿರಬೇಕೆಂಬುದು. ನಮ್ಮ ದೊಡ್ಡಮ್ಮನ ಪ್ರಥಮ ನಿಯಮವೆಂದರೆ ಅವು ತೆರೆದಿರಬೇಕೆಂಬುದು. "ಬಾಗಿಲು ಹಾಕಿ ಕೂತರೆ ಉಸಿರು ಕಟ್ಟುದಿಲ್ವಾ ಮಾರಾಯಾ? ಸ್ವಲ್ಪ ಗಾಳಿ ಬರ್ಲಿ" ಎಂದು ಅವರು ಕಿಟಕಿಯನ್ನು ತೆರೆದರೆಂದರೆ, ಆ ಬಡಯಂತ್ರವು ನನ್ನ ಪುಸ್ತಕಗಳನ್ನು ಬಿಟ್ಟು ಸಮಸ್ತ ಸಹ್ಯಾದ್ರಿಯನ್ನೇ ಒಣಗಿಸಲು ಹೊರಡುತ್ತದೆ. ಯಂತ್ರದಿಂದ ಬೆಚ್ಚನೆಯ ಗಾಳಿ ಬರುವುದನ್ನು ಕಂಡುಕೊಂಡ ಮೇಲಂತೂ ಅವರು ಒದ್ದೆ ಬೈರಾಸನ್ನು ನೇರವಾಗಿ ಅದರ ಬಾಯಿಯ ಮೇಲೆಯೇ ಹರಡತೊಡಗಿದರು. ಗಾಳಿಯ ದಾರಿ ಕಟ್ಟಿದರೆ ಒಳಗಿನ ಹೀಟರು ಮಿತಿಮೀರಿ ಕಾಯುವುದೆಂದೂ, ಬಟ್ಟೆಯನ್ನು ದೂರದಲ್ಲಿ ತೂಗುಹಾಕಬೇಕೆಂದೂ ವಿವರಿಸಿದಾಗ, "ಒಣಗಿಸ್ಲಿಕ್ಕೆ ಅಲ್ವಾ ತಂದದ್ದು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಗುಂಡಿಯನ್ನು ಒತ್ತಿ ನಿಲ್ಲಿಸಿದ ಅನಂತರವೂ ಹೀಟರು ತಣಿಯುವ ತನಕ ಒಳಗಿನ ಫ್ಯಾನು ತಿರುಗುತ್ತಿರುವುದುಂಟು. ಅದು ತಾನಾಗಿಯೇ ನಿಲ್ಲುವ ಮೊದಲು ಪ್ಲಗ್ಗನ್ನು ಕೀಳಲಾಗದು. ಗಾಳಿಯೊಂದಿಗೆ ಕರೆಂಟೂ ಹಾರಿಹೋಗುವ ನಮ್ಮೂರಿನಲ್ಲಿ ಈ ವಿಧಿಯನ್ನು ಮನುಷ್ಯರು ಪಾಲಿಸಿದರೂ ವಿದ್ಯುತ್ತು ಪಾಲಿಸುವುದಿಲ್ಲ. ಸುಮಾರು 600 ವಾಟ್ ಬೇಡುವ ಈ ಅತಿಥಿಯನ್ನು ಸಪೂರ ವಯರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸುವುದಂತೂ ಸರ್ವಥಾ ನಿಷಿದ್ಧ. ಜಾಳಿಗೆಯ ಧೂಳನ್ನು ಆಗಾಗ ಕೊಡವಬೇಕು. ತೊಟ್ಟಿಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯತಕ್ಕದ್ದಲ್ಲ.

ಶುಷ್ಕಯಂತ್ರಗಳಲ್ಲಿಯೇ ಇನ್ನೊಂದು ಜಾತಿಯಾದ ಶೀತಕದ ಯಂತ್ರಗಳು ಮಂಜುಗಟ್ಟಿ ಸೋಲುವ ಚಳಿದೇಶಗಳಲ್ಲಿ ಈ ಚಕ್ರದ ಯಂತ್ರವು ಕುಂದದೆ ದುಡಿಯುತ್ತದೆ. ನಮ್ಮ ಸೆಕೆಯಲ್ಲಾದರೋ, ಮನೆಯನ್ನೆಲ್ಲ ಒಣಗಿಸಬೇಕೆನ್ನುವವರಿಗೆ ಶೀತಕದ ಯಂತ್ರವೇ ಮಿತವ್ಯಯಿ. ಒಂದು ಚಿಕ್ಕ ಕೋಣೆಯ ತೇವಾಂಶವನ್ನು ಶೇಕಡಾ 50ರಿಂದ 60ರೊಳಗೆ ನಿಲ್ಲಿಸಿ, ಪುಸ್ತಕಗಳನ್ನು ಬೂಷ್ಟಿನಿಂದ ಕಾಯುವಷ್ಟಕ್ಕಾದರೆ ಚಕ್ರದ ಯಂತ್ರವೇ ಧಾರಾಳವಾಗಿ ಸಾಕು. ಕೊಳ್ಳಲು ಉದ್ಯುಕ್ತರಾದ ಓದುಗರು, ಹಂಚಿನ ಮಾಡಿನ ಅಡಿಯಲ್ಲಿ ಮುಚ್ಚಿಗೆ ಇರುವ ಕೋಣೆಯೊಂದನ್ನು ಮೊದಲು ಆರಿಸಿಕೊಂಡು, ಕಿಟಕಿಯ ವಿಷಯದಲ್ಲಿ ಮನೆಯ ಹಿರಿಯರ ಸಮ್ಮತಿಯನ್ನು ಪಡೆದು, ಆಮೇಲೆ ಅಂಗಡಿಗೆ ಹೋಗತಕ್ಕದ್ದು.