ಲಾಭ ಕರ್ತರಿ, ನಷ್ಟ ಕರ್ಮಣಿ

ಮಾಸ್ಕೋದ ಮೊಖೋವಾಯಾ ಬೀದಿ, 13ನೇ ನಂಬರು. ಎಎಫ್‌ಕೆ ಸಿಸ್ಟೆಮಾ ಎಂಬ ರಷ್ಯನ್ ಹೂಡಿಕೆ ಸಂಸ್ಥೆಯ ಕೇಂದ್ರ ಕಚೇರಿ. ಕಲ್ಪನೆಯಲ್ಲಿ ಹೋದದ್ದರಿಂದ ವೀಸಾ ಕೇಳಲಿಲ್ಲ, ಚಹಾ ಮಾತ್ರ ಕೊಟ್ಟರು. ನಾನು ಮಾತಾಡಿಸಲು ಹೋದದ್ದು ಸಂಸ್ಥೆಯ ಒಡೆಯರನ್ನಲ್ಲ, ಅವರ 2024ರ ವಾರ್ಷಿಕ ವರದಿಯನ್ನು. ದಪ್ಪ ಮೈ, ಫಳಫಳ ಹೊಳೆಯುವ ರಟ್ಟು, ಇನ್ನೂ ಆರದ ಮಸಿಯ ವಾಸನೆ. ಮದುವೆ ದಲ್ಲಾಳಿ ಜಾತಕ ತೋರಿಸುವಾಗ ಕುಜದೋಷವಿರುವ ಮನೆಯ ಮೇಲೆ ಹೆಬ್ಬೆರಳಿಟ್ಟುಕೊಳ್ಳುತ್ತಾನಲ್ಲ, ಹಾಗೆ ಒಂದು ಪುಟದ ಮೇಲೆ ಕೈಯಿಟ್ಟುಕೊಂಡೇ ಅದು ಮಾತಿಗೆ ಕೂತಿತು.

ನಾನು: ಮೊದಲು ನಿಮ್ಮ ಪರಿಚಯ ಹೇಳಿ.

ವರದಿ: ನಮ್ಮದು 1993ರಲ್ಲಿ ಹುಟ್ಟಿದ ಮನೆತನ. ಕಟ್ಟಿದವರು ವ್ಲಾದಿಮಿರ್ ಯೆವ್ತುಶೆಂಕೋವ್. ಅದಕ್ಕೂ ಮೊದಲು ಅವರು ಮಾಸ್ಕೋ ನಗರಾಡಳಿತದಲ್ಲಿ ವಿಜ್ಞಾನ-ತಂತ್ರಜ್ಞಾನ ಸಮಿತಿಯ ಮುಖ್ಯಸ್ಥರಾಗಿದ್ದರು. ಈಗ ನಮ್ಮಲ್ಲಿ ಫೋನು ಉಂಟು, ಕಾಡು ಉಂಟು, ಆಸ್ಪತ್ರೆ, ಔಷಧಿ, ಹೊಲ, ಹೋಟೆಲು, ಅಪಾರ್ಟ್‌ಮೆಂಟು, ಆನ್‌ಲೈನ್ ಅಂಗಡಿಯಲ್ಲಿ ಪಾಲು...

ನಾನು: ಹಳ್ಳಿಯ ಕಿರಾಣಿ ಅಂಗಡಿಯ ಬೋರ್ಡು ಓದಿದ ಹಾಗಾಯಿತು.

ವರದಿ: ನಾವು ಅದನ್ನು ‘ವೈವಿಧ್ಯಮಯ ಹೂಡಿಕೆ’ ಎನ್ನುತ್ತೇವೆ.

ನಾನು: ನಮ್ಮ ಕಡೆ ಅವಿಭಕ್ತ ಕುಟುಂಬ ಅನ್ನುತ್ತಾರೆ. ಒಬ್ಬ ದುಡಿಯುತ್ತಾನೆ, ಉಳಿದವರು ಯೋಜನೆ ಹಾಕುತ್ತಾರೆ.

ವರದಿ: (ತುಸು ನಾಚಿ) ದುಡಿಯುವವನು ಹಿರಿಮಗ, ಎಂಟಿಎಸ್. ರಷ್ಯದ ಮೊಬೈಲ್ ಕಂಪನಿ. 2024ರಿಂದ 2026ರವರೆಗೆ ಪ್ರತಿವರ್ಷ ಷೇರಿಗೆ 35 ರೂಬಲ್‌ಗೆ ಕಡಿಮೆಯಿಲ್ಲದಂತೆ ಲಾಭಾಂಶ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ. ದೊಡ್ಡ ಪಾಲು ನಮ್ಮ ಕೈಗೇ ಬರುತ್ತದೆ.

ನಾನು: ಅವನಿಗೇ ಸಾಲ ಇದೆಯಂತೆ?

ವರದಿ: ಸಾಲವಿಲ್ಲದ ಹಿರಿಮಗ ಯಾವ ಮನೆಯಲ್ಲಿದ್ದಾನೆ, ಸ್ವಾಮಿ?

ನಾನು: ಸರಿ, ಈ ವರ್ಷದ ಸಾಧನೆ ಹೇಳಿ.

ವರದಿ: ನಾವು 1 ಲಕ್ಷ ಕೋಟಿ ರೂಬಲ್‌ಗೂ ಮೀರಿದ ಆದಾಯ ಗಳಿಸಿದೆವು. ನಾವು ಬೆಳೆದೆವು. ನಾವು ವಿಸ್ತರಿಸಿದೆವು.

ನಾನು: ಉಳಿದದ್ದೆಷ್ಟು?

ವರದಿ: ನಷ್ಟ ದಾಖಲಿಸಲ್ಪಟ್ಟಿದೆ.

(ಇಲ್ಲಿ ನನ್ನ ಕಿವಿ ನಿಮಿರಿತು. ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸಿದ ಮೇಷ್ಟರು ನೆನಪಾದರು. ಲಾಭ ಬಂದಾಗ ಕರ್ತರಿ ಪ್ರಯೋಗ: ನಾವು ಗಳಿಸಿದೆವು. ನಷ್ಟ ಬಂದಾಗ ಕರ್ಮಣಿ: ದಾಖಲಿಸಲ್ಪಟ್ಟಿದೆ. ಕರ್ತೃ ಎಲ್ಲಿ ಹೋದ ಎಂದು ಕೇಳಿದರೆ ಮೇಷ್ಟರು ಬೆತ್ತ ತೋರಿಸುತ್ತಿದ್ದರು. ವರದಿಗಳ ಲೋಕದಲ್ಲಿ ಬೆತ್ತ ಇರುವುದು ಬೇರೆಯವರ ಕೈಯಲ್ಲಿ.)

ನಾನು: ಯಾರು ಮಾಡಿದ ನಷ್ಟ?

ವರದಿ: ಬಡ್ಡಿ. ನಮ್ಮ ಕೇಂದ್ರ ಬ್ಯಾಂಕು 2024ರ ಅಕ್ಟೋಬರಿನಲ್ಲಿ ಮೂಲ ಬಡ್ಡಿ ದರವನ್ನು ಶೇಕಡಾ 21ಕ್ಕೆ ಏರಿಸಿತು. ಇಪ್ಪತ್ತೊಂದು! ನಿಮ್ಮ ಊರಿನ ಮೀಟರ್ ಬಡ್ಡಿಯವರೂ ಒಮ್ಮೆ ತಲೆಯೆತ್ತಿ ನೋಡುವಂಥ ದರ. ಸಾಲ ತಂದು ಕಂಪನಿ ಕೊಳ್ಳುವುದೇ ನಮ್ಮ ಕುಲಕಸುಬು. ಮುಂದಿನದನ್ನು ನೀವೇ ಊಹಿಸಿ.

ನಾನು: ಪ್ರಶಸ್ತಿಗಳ ವಿಷಯಕ್ಕೆ ಬರೋಣ.

ವರದಿ: (ರಟ್ಟು ಅಗಲಿಸಿ) ಹಾಗೆ ಕೇಳಿ ಮತ್ತೆ! 2008ರಲ್ಲಿ ನಮ್ಮ ಎಂಟಿಎಸ್ ಬ್ರ್ಯಾಂಡ್‌ಝೀಯವರ ಜಗತ್ತಿನ ನೂರು ಅಮೂಲ್ಯ ಬ್ರ್ಯಾಂಡ್‌ಗಳ ಪಟ್ಟಿ ಸೇರಿತು. ಆ ಪಟ್ಟಿಗೆ ಕಾಲಿಟ್ಟ ಮೊದಲ ರಷ್ಯನ್ ಹೆಸರು ಅದೇ. ಗುರುತು ನೆನಪಿದೆಯೇ? ಕೆಂಪು ಚೌಕದಲ್ಲಿ ಬಿಳಿ ಮೊಟ್ಟೆ. ಅದಲ್ಲದೆ ಮಾಸ್ಕೋ ಷೇರುಪೇಟೆಯವರು ವರ್ಷವರ್ಷ ವಾರ್ಷಿಕ ವರದಿಗಳಿಗಾಗಿಯೇ ಸ್ಪರ್ಧೆ ನಡೆಸುತ್ತಾರೆ.

ನಾನು: ಕಂಪನಿಗಳಿಗಲ್ಲ, ವರದಿಗಳಿಗೆ?

ವರದಿ: ಹೌದು, ನಮಗೇ. ವಿನ್ಯಾಸಕ್ಕೆ, ವಿವರಕ್ಕೆ.

ನಾನು: ಅಂದರೆ ಊಟ ಹೇಗಿತ್ತೆಂದು ಯಾರೂ ಕೇಳುವುದಿಲ್ಲ, ಲಗ್ನಪತ್ರಿಕೆಗೆ ಬಹುಮಾನ.

ವರದಿ: ಲಗ್ನಪತ್ರಿಕೆ ಚೆನ್ನಾಗಿದ್ದರೆ ಜನ ಬರುತ್ತಾರೆ. 2005ರಲ್ಲಿ ಲಂಡನ್ ಷೇರುಪೇಟೆಯಲ್ಲಿ ನಮ್ಮ ಷೇರು ಬಿಟ್ಟಾಗಲೂ ಹೀಗೇ ಬಂದಿದ್ದರು.

ನಾನು: ಇನ್ನೂ ಕೆಲವು ಪಟ್ಟಿಗಳಿವೆ. 2014ರ ಫೋರ್ಬ್ಸ್ ಪಟ್ಟಿಯಲ್ಲಿ ನಿಮ್ಮ ಯಜಮಾನರ ಆಸ್ತಿ 900 ಕೋಟಿ ಡಾಲರ್. ಮರುವರ್ಷ ಅದರಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು. ನಡುವೆ ಏನಾಯಿತು?

ವರದಿ: (ಕೈಯಿಟ್ಟುಕೊಂಡಿದ್ದ ಪುಟವನ್ನು ಇನ್ನೂ ಬಿಗಿಯಾಗಿ ಒತ್ತಿ) ಅದು ನನ್ನ ಅಣ್ಣ, 2014ರ ವರದಿಯ ಕಾಲದ್ದು. ಅವನನ್ನೇ ಕೇಳಿ.

ನಾನು: ಅವನನ್ನು ಕಪಾಟಿನಿಂದ ಇಳಿಸಿ ಓದಿಕೊಂಡೇ ಬಂದಿದ್ದೇನೆ. ನಾನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. 2009ರಲ್ಲಿ ನೀವು ಸುಮಾರು 250 ಕೋಟಿ ಡಾಲರ್ ಕೊಟ್ಟು ಬಾಷ್ಕಿರಿಯಾದ ತೈಲ ಕಂಪನಿಗಳನ್ನು ಕೊಂಡಿರಿ. ಅದರಲ್ಲಿ ದೊಡ್ಡದು ಬಾಷ್‌ನೆಫ್ಟ್.

ವರದಿ: ನಾವು ಕೊಂಡೆವು. ನಾವು ಅದನ್ನು ಬೆಳೆಸಿದೆವು.

ನಾನು: ಈಗ ಕ್ರಿಯಾಪದ ಬದಲಾಗುತ್ತದೆ, ನೋಡುತ್ತಿರಿ. 2014ರ ಸೆಪ್ಟೆಂಬರ್ 16ರಂದು ಯೆವ್ತುಶೆಂಕೋವ್ ಅವರಿಗೆ...

ವರದಿ: ...ಗೃಹಬಂಧನ ವಿಧಿಸಲ್ಪಟ್ಟಿತು. ಆ ತೈಲ ಕಂಪನಿಗಳ ಷೇರುಗಳನ್ನು ಕೊಂಡದ್ದರಲ್ಲಿ ಹಣ ಅಕ್ರಮವಾಗಿ ಸಾಗಿತೆಂದು ಆರೋಪಿಸಲಾಯಿತು. ಮರುದಿನ ನಮ್ಮ ಷೇರಿನ ಬೆಲೆ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಅಕ್ಟೋಬರಿನಲ್ಲಿ ಮಾಸ್ಕೋದ ನ್ಯಾಯಾಲಯ, ಬಾಷ್‌ನೆಫ್ಟ್ ಖಾಸಗಿಯವರ ಕೈಗೆ ಹೋದದ್ದೇ ಕಾನೂನುಬಾಹಿರ ಎಂದಿತು. ಷೇರುಗಳು ಸರ್ಕಾರಕ್ಕೆ ಹಿಂತಿರುಗಿಸಲ್ಪಟ್ಟವು. ಡಿಸೆಂಬರಿನಲ್ಲಿ ಯಜಮಾನರು ಬಿಡುಗಡೆಗೊಳಿಸಲ್ಪಟ್ಟರು. 2016ರ ಆರಂಭದಲ್ಲಿ ಆರೋಪವೂ ಕೈಬಿಡಲ್ಪಟ್ಟಿತು.

ನಾನು: ಆರೋಪ ಹೋಯಿತು. ಕಂಪನಿ ವಾಪಸ್ ಬಂತೇ?

ವರದಿ: ಆ ಬಗ್ಗೆ ಪ್ರತ್ಯೇಕ ಅಧ್ಯಾಯವಿಲ್ಲ.

ನಾನು: ಬರಲಿಲ್ಲ. ಅದೇ 2016ರ ಅಕ್ಟೋಬರಿನಲ್ಲಿ ಸರ್ಕಾರ ತನ್ನ ಪಾಲನ್ನು, ಶೇಕಡಾ 50ಕ್ಕಿಂತ ತುಸು ಹೆಚ್ಚನ್ನು, 32,970 ಕೋಟಿ ರೂಬಲ್‌ಗೆ ಇನ್ನೊಂದು ಸರ್ಕಾರಿ ಕಂಪನಿಗೆ, ಇಗೋರ್ ಸೆಚಿನ್ ಅವರ ರೋಸ್‌ನೆಫ್ಟ್‌ಗೆ ಮಾರಿತು. ಅಲ್ಲಿಗಾದರೂ ಮುಗಿಯಿತೇ?

ವರದಿ: 2017ರ ಮೇ ತಿಂಗಳಲ್ಲಿ ರೋಸ್‌ನೆಫ್ಟ್ ನಮ್ಮ ಮೇಲೆ ದಾವೆ ಹೂಡಿತು. ಬಾಷ್‌ನೆಫ್ಟ್ ನಮ್ಮ ಕೈಯಲ್ಲಿದ್ದಾಗ ನಾವು ಅದರ ರಚನೆ ಬದಲಾಯಿಸಿದೆವಂತೆ. ಅದರಿಂದ ಕಂಪನಿಗೆ ನಷ್ಟವಾಯಿತಂತೆ.

(ಅಂದರೆ, ಮನೆಯನ್ನೂ ಕಿತ್ತುಕೊಂಡು, ನೀನು ಇದ್ದಾಗ ಅಡುಗೆಮನೆಯ ಗೋಡೆ ಯಾಕೆ ಒಡೆಸಿದೆ ಎಂದು ದಂಡ ಕೇಳಿದ ಹಾಗೆ. ಬಾಡಿಗೆದಾರರ ಮುಂಗಡ ನುಂಗುವ ಮನೆ ಮಾಲೀಕರಿಗೆ ಇದು ಗೊತ್ತಿರುವ ವಿದ್ಯೆಯೇ. ಮನೆ ಕೊಂಡವನ ಮೇಲೆ ಪ್ರಯೋಗಿಸಿದ್ದು ಹೊಸತು.)

ನಾನು: ಎಷ್ಟು ಕೇಳಿದರು?

ವರದಿ: ಮೊದಲು 10,660 ಕೋಟಿ ರೂಬಲ್. ಆಮೇಲೆ ಯೋಚಿಸಿ 17,060 ಕೋಟಿ. ಬಾಷ್ಕಿರಿಯಾದ ರಾಜಧಾನಿ ಉಫಾದ ನ್ಯಾಯಾಲಯ ಆಗಸ್ಟಿನಲ್ಲಿ 13,630 ಕೋಟಿ ಕೊಡಿ ಎಂದಿತು. ಡಿಸೆಂಬರಿನಲ್ಲಿ ಇನ್ನೊಂದು ದಾವೆ ಬಂತು. ಕೊನೆಗೆ ಅದೇ ತಿಂಗಳು 10,000 ಕೋಟಿಗೆ ರಾಜಿಯಾಯಿತು.

ನಾನು: ಸಂತೆಯ ಚೌಕಾಸಿಯಲ್ಲೂ ಕೊಳ್ಳುವವನಿಗೆ ಬುಟ್ಟಿ ಸೊಪ್ಪಾದರೂ ಸಿಗುತ್ತದೆ. ನಿಮಗೇನು ಸಿಕ್ಕಿತು?

ವರದಿ: ‘ಅನಿಶ್ಚಿತತೆಯ ನಿವಾರಣೆ’. ಆ ವರ್ಷದ ವರದಿಯಲ್ಲಿ ನನ್ನ ಇನ್ನೊಬ್ಬ ಅಣ್ಣ ಇದನ್ನೇ ಸಾಧನೆಯ ಸಾಲಿಗೆ ಸೇರಿಸಲು ಒದ್ದಾಡಿದ. ಬಹುಪಾಲು ಹಣ ಸಾಲ ತಂದೇ ಕಟ್ಟಿದೆವು, 2018ರ ಮಾರ್ಚಿನೊಳಗೆ. ಆ ಸಾಲ ತೀರಿಸಲು ಒಂದೊಂದೇ ಆಸ್ತಿ ಕರಗಿಸುತ್ತ ಬಂದೆವು. ಮಕ್ಕಳ ಆಟಿಕೆ ಅಂಗಡಿಗಳ ಸರಪಳಿ ‘ದೆತ್ಸ್ಕಿ ಮಿರ್’ ಇತ್ತಲ್ಲ, 2020ರಲ್ಲಿ ಅದರ ಉಳಿದ ಷೇರುಗಳನ್ನೂ ಮಾರಿದೆವು.

(ಆ ಹೆಸರಿನ ಮೂಲ ಅಂಗಡಿ 1957ರಲ್ಲಿ ತೆರೆದದ್ದು ಲುಬ್ಯಾಂಕಾ ಚೌಕದಲ್ಲಿ, ಕೆಜಿಬಿ ಕಚೇರಿಯ ಎದುರಿಗೆ. ಮಕ್ಕಳು ಗೊಂಬೆಗಾಗಿ ಅಳುತ್ತಿದ್ದಾಗ ದೊಡ್ಡವರು ದನಿ ತಗ್ಗಿಸಿಯೇ ಗದರುತ್ತಿದ್ದಿರಬೇಕು.)

ನಾನು: ನಮ್ಮ ಕಡೆಗೂ ಬಂದಿದ್ದಿರಿ.

ವರದಿ: ಮರೆಯಲಾದೀತೇ! 2009ರಲ್ಲಿ ಎಂಟಿಎಸ್ ಎಂಬ ಹೆಸರಿನಲ್ಲಿ ಭಾರತದಲ್ಲಿ ಅಂಗಡಿ ತೆರೆದೆವು. 2011ರಲ್ಲಿ ರಷ್ಯನ್ ಸರ್ಕಾರವೇ 60 ಕೋಟಿ ಡಾಲರ್ ಹಾಕಿ ನಮ್ಮ ಭಾರತೀಯ ಕಂಪನಿಯಲ್ಲಿ ಶೇಕಡಾ 17.14 ಪಾಲು ಪಡೆಯಿತು.

ನಾನು: ಊರಲ್ಲಿ ಕಸಿದುಕೊಳ್ಳುವ ಮಾವ ಪರವೂರಲ್ಲಿ ಪಾಲುದಾರ.

ವರದಿ: 2012ರ ಫೆಬ್ರವರಿ 2ರಂದು ನಿಮ್ಮ ಸುಪ್ರೀಂ ಕೋರ್ಟು 2ಜಿ ಪ್ರಕರಣದಲ್ಲಿ 122 ಪರವಾನಗಿಗಳನ್ನು ರದ್ದು ಮಾಡಿತು. ನಮ್ಮ ಹತ್ತಿರ ಇದ್ದದ್ದು 22. ಅದರಲ್ಲಿ 21 ಹೋದವು. ಉಳಿದದ್ದು ರಾಜಸ್ಥಾನ.

ನಾನು: ಆದರೂ ಹೊರಡಲಿಲ್ಲ.

ವರದಿ: 2013ರ ಮಾರ್ಚಿನ ಹರಾಜಿನಲ್ಲಿ ಕೂತೆವು. 800 ಮೆಗಾಹರ್ಟ್ಸ್ ತರಂಗಕ್ಕೆ ಕೂಗಿದವರು ನಾವೊಬ್ಬರೇ. ಸುಮಾರು 3,639 ಕೋಟಿ ರೂಪಾಯಿಗೆ ಎಂಟು ವಲಯಗಳು ಬಂದವು, ಅದರಲ್ಲಿ ನಿಮ್ಮ ಕರ್ನಾಟಕವೂ ಒಂದು. ಮೊದಲೇ ಟಿಕೆಟು ತಗೊಂಡು ಕೂತಿದ್ದ ಸೀಟಿಗೆ ಮತ್ತೆ ಟಿಕೆಟು.

ನಾನು: ಆಮೇಲೆ ಆ ಜಾಹೀರಾತು. ಹೆರಿಗೆ ಕೋಣೆಯಲ್ಲೇ ಹಸುಗೂಸು ಮೊಬೈಲು ಹಿಡಿದು ಸೆಲ್ಫಿ ತೆಗೆದುಕೊಳ್ಳುವುದು. 2014ರಲ್ಲಿ ಬೆಂಗಳೂರಿನಲ್ಲಿ ಅದನ್ನು ಒಬ್ಬರಿಗೊಬ್ಬರು ತೋರಿಸಿ ನಕ್ಕವರು ಎಷ್ಟೋ ಜನ.

ವರದಿ: ನಕ್ಕವರೆಲ್ಲ ನಮ್ಮ ಇಂಟರ್ನೆಟ್ ಡಾಂಗಲ್ ಕೊಂಡಿದ್ದರೆ ನನ್ನ ಕಥೆಯೇ ಬೇರೆಯಾಗುತ್ತಿತ್ತು.

ನಾನು: ಕೂಸು ದೊಡ್ಡದಾಗಲಿಲ್ಲ.

ವರದಿ: ರಿಲಯನ್ಸ್ ಕಮ್ಯುನಿಕೇಷನ್ಸ್‌ಗೆ ದತ್ತು ಕೊಟ್ಟೆವು. 2015ರಲ್ಲಿ ಮಾತುಕತೆ, 2017ರ ಅಕ್ಟೋಬರ್ ಕೊನೆಗೆ ಶಾಸ್ತ್ರ ಮುಗಿಯಿತು. ಬದಲಿಗೆ ಆ ಕಂಪನಿಯ ಶೇಕಡಾ 10 ಷೇರು ನಮಗೆ.

ನಾನು: ಆ ಕಂಪನಿ?

ವರದಿ: ಅದೇ ವರ್ಷ ಡಿಸೆಂಬರಿನಲ್ಲಿ ತನ್ನ ಮೊಬೈಲ್ ಕರೆ ಸೇವೆ ನಿಲ್ಲಿಸಿತು. 2019ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು.

(ಇಷ್ಟು ಹೊತ್ತಿಗೆ ಚಹಾ ಆರಿತ್ತು. ವರದಿಯ ಮೇಲೆ ಕನಿಕರ ಹುಟ್ಟುತ್ತಿತ್ತು. ಸಾವರಿಸಿಕೊಂಡು ಮುಂದಿನ ಪ್ರಶ್ನೆಗೆ ಹೋದೆ. ಕನಿಕರಕ್ಕೆ ತಕ್ಕಷ್ಟು ಮುಗ್ಧತೆ ಈ ಮನೆತನದಲ್ಲಿಲ್ಲ.)

ನಾನು: ಉಜ್ಬೆಕಿಸ್ತಾನ?

ವರದಿ: ಆ ಪುಟ ಅಂಟಿಕೊಂಡಿದೆ.

ನಾನು: ಬಿಡಿಸುತ್ತೇನೆ. ಅಲ್ಲಿನ ಮೊಬೈಲ್ ಪೇಟೆಗೆ ನುಗ್ಗಲು ಆಗಿನ ಅಧ್ಯಕ್ಷರ ಮಗಳು ಗುಲ್ನಾರಾ ಕರಿಮೋವಾಗೆ ಲಂಚ ಕೊಟ್ಟ ಪ್ರಕರಣದಲ್ಲಿ ನಿಮ್ಮ ಹಿರಿಮಗ 2019ರಲ್ಲಿ ಅಮೆರಿಕದ ಅಧಿಕಾರಿಗಳಿಗೆ 85 ಕೋಟಿ ಡಾಲರ್ ಕಟ್ಟಲು ಒಪ್ಪಿಕೊಂಡ.

ವರದಿ: ಕಟ್ಟಲ್ಪಟ್ಟಿತು.

ನಾನು: ಲಂಚವೂ ಕರ್ಮಣಿಯೇ?

ವರದಿ: ಲಂಚಕ್ಕೆ ಯಾವ ಭಾಷೆಯಲ್ಲಾದರೂ ಕರ್ತರಿ ಇದ್ದರೆ ಹೇಳಿ, ಮುಂದಿನ ವರ್ಷ ಬಳಸುತ್ತೇವೆ.

ನಾನು: ನಿಮ್ಮ ಕಾಡಿನ ಸುದ್ದಿ?

ವರದಿ: ಸೆಗೆಝಾ! ಕರೇಲಿಯಾದ ಊರು, ಅದೇ ಹೆಸರಿನ ನಮ್ಮ ಕಂಪನಿ. ಮರ, ಕಾಗದ, ಸಿಮೆಂಟು ತುಂಬುವ ಕಾಗದದ ಚೀಲ. 2021ರ ಏಪ್ರಿಲಿನಲ್ಲಿ ಷೇರಿಗೆ 8 ರೂಬಲ್‌ನಂತೆ ಪೇಟೆಗೆ ಬಿಟ್ಟೆವು. ಮರುವರ್ಷ ಯುರೋಪು ರಷ್ಯದ ಮರಕ್ಕೆ ಬಾಗಿಲು ಹಾಕಿತು. 2025ರಲ್ಲಿ ಸಾಲ ಇಳಿಸಲು 11,300 ಕೋಟಿ ರೂಬಲ್‌ನ ಹೊಸ ಷೇರು ಹೊರಡಿಸಲಾಯಿತು, ಷೇರಿಗೆ 1.8ರಂತೆ.

ನಾನು: ಎಂಟರಿಂದ ಒಂದೂ ಮುಕ್ಕಾಲಿಗೆ!

ವರದಿ: ಎಂಟು ಹಾಗೇ ಇದೆ, ಸರಿಯಾಗಿ ನೋಡಿ. ಅದರ ಮುಂದೆ ಒಂದು ಮತ್ತು ಒಂದು ಚುಕ್ಕಿ ಹೆಚ್ಚಿಗೆ ಬಂದಿವೆ.

(ಪ್ರಶಸ್ತಿ ಯಾಕೆ ಕೊಡುತ್ತಾರೆಂದು ಆಗ ಅರ್ಥವಾಯಿತು.)

ನಾನು: ಕೊನೆಯ ಪಟ್ಟಿ. 2022ರ ಏಪ್ರಿಲಿನಲ್ಲಿ ಉಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ ಬ್ರಿಟನ್ ನಿಮ್ಮ ಯಜಮಾನರನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು.

ವರದಿ: ಅಂತರರಾಷ್ಟ್ರೀಯ ಮನ್ನಣೆ ಎಂದು ಬರೆಯಲು ಹೋಗಿದ್ದೆವು, ವಕೀಲರು ಹೊಡೆದುಹಾಕಿದರು. ಲಂಡನ್ ಪೇಟೆಯಲ್ಲಿ ನಮ್ಮ ವಹಿವಾಟು ಅದಕ್ಕೂ ಒಂದು ತಿಂಗಳು ಮೊದಲೇ ನಿಂತಿತ್ತು. ಯಜಮಾನರು ಶೇಕಡಾ 10 ಷೇರನ್ನು ಮಗ ಫೆಲಿಕ್ಸ್‌ಗೆ ಬರೆದುಕೊಟ್ಟರು. ಅವರ ಪಾಲು 49.2ಕ್ಕೆ ಇಳಿಯಿತು. ಅರ್ಧಕ್ಕಿಂತ ಕಡಿಮೆ, ಗಮನಿಸಿ. ಸಂಸ್ಥೆ ಈಗ ಅವರದಲ್ಲ.

ನಾನು: ತೋಟ ಮಗನ ಹೆಸರಿನಲ್ಲಿ, ಪಡಸಾಲೆಯಲ್ಲಿ ಅಪ್ಪ. ನಮ್ಮಲ್ಲಿ ಭೂಸುಧಾರಣೆ ಬಂದಾಗ ಎಷ್ಟೋ ಜಮೀನ್ದಾರರು ಇದನ್ನೇ ಮಾಡಿದರು. ಅವರಿಗೆ ಯಾರೂ ಪ್ರಶಸ್ತಿ ಕೊಡಲಿಲ್ಲ. ಇರಲಿ, ಹೊರಡುವ ಮುನ್ನ ಒಂದೇ ಬಿನ್ನಹ. ನಷ್ಟದ ಬಗ್ಗೆ ಒಂದು ವಾಕ್ಯ, ಒಂದೇ ಒಂದು, ಕರ್ತರಿ ಪ್ರಯೋಗದಲ್ಲಿ ಹೇಳಿ. ಬಾಷ್‌ನೆಫ್ಟನ್ನು ನಿಮ್ಮಿಂದ ಯಾರು ತೆಗೆದುಕೊಂಡರು?

ವರದಿ ಎದ್ದು ಹೋಗಿ ಕಿಟಕಿ ಮುಚ್ಚಿತು. ಚಳಿ ಎಂದಿತು. ಬಂದು ಕೂತು, ರಟ್ಟು ಸರಿಪಡಿಸಿಕೊಂಡು, ಫೋಟೋ ತೆಗೆಯುವುದಿದ್ದರೆ ಮುಖಪುಟದ ಕಡೆಯಿಂದ ತೆಗೆಯಿರಿ ಎಂದು ಕೇಳಿಕೊಂಡಿತು.

ನಾನು ಹೊರಗೆ ಬಂದೆ. ಮೊಖೋವಾಯಾ ಬೀದಿಯಿಂದ ಕ್ರೆಮ್ಲಿನ್ ಗೋಡೆಗೆ ಬಸ್ಸು, ಮೆಟ್ರೋ ಏನೂ ಬೇಡ. ನಡೆದೇ ಹೋಗಬಹುದು.