ಇಲ್ಲ ಅಂದವರು ಯಾರು?

ನಮ್ಮ ಬೀದಿಯಲ್ಲಿ ಕಂಪ್ಯೂಟರ್‌ಗೆ ಯಾವ ಕಾಯಿಲೆ ಬಂದರೂ ಔಷಧ ಒಂದೇ: "ಫಾರ್ಮ್ಯಾಟ್ ಮಾಡ್ಬಿಡಿ." ನಿಧಾನ ಆಯಿತೇ? ಫಾರ್ಮ್ಯಾಟ್. ಸೌಂಡ್ ಬರುತ್ತಿಲ್ಲವೇ? ಫಾರ್ಮ್ಯಾಟ್. ಹಾರ್ಡ್ ಡಿಸ್ಕೇ ಡಿಟೆಕ್ಟ್ ಆಗುತ್ತಿಲ್ಲವೇ? ಅದಕ್ಕೂ ಫಾರ್ಮ್ಯಾಟ್. ಕಾಣದ ಡಿಸ್ಕನ್ನು ಫಾರ್ಮ್ಯಾಟ್ ಮಾಡೋದು ಹೇಗ್ರೀ ಎಂದು ಕೇಳಿದರೆ, ಸಲಹೆ ಕೊಟ್ಟವರಿಗೆ ತಟಕ್ಕನೆ ಒಲೆಯ ಮೇಲಿಟ್ಟು ಬಂದ ಹಾಲಿನ ನೆನಪಾಗುತ್ತದೆ.

ಕಂಪನಿಯಿಂದ ಸಿದ್ಧವಾಗಿ ಬಂದ ಕಂಪ್ಯೂಟರ್ ಕೊಂಡವರಿಗೆ ಈ ತಾಪತ್ರಯ ಕಡಿಮೆ. ಕೆಟ್ಟರೆ ಬಯ್ಯುವುದಕ್ಕೆ ಒಂದು ಕಂಪನಿಯಾದರೂ ಇರುತ್ತದೆ. ಮನೆಯಲ್ಲಿ ಅಸೆಂಬಲ್ ಮಾಡಿದ ಯಂತ್ರಕ್ಕೆ ಆ ಭಾಗ್ಯವೂ ಇಲ್ಲ. ಮದರ್‌ಬೋರ್ಡ್ ಒಂದು ಅಂಗಡಿಯದು, ಡಿಸ್ಕ್ ಇನ್ನೊಂದರದು, ಪವರ್ ಸಪ್ಲೈ ಆನ್‌ಲೈನಿನಲ್ಲಿ ಆಫರ್ ಇದ್ದಾಗ ತರಿಸಿದ್ದು. ಬೆಂಗಳೂರಿನ ಟೌನ್ ಹಾಲ್ ಹತ್ತಿರದ ಎಸ್.ಪಿ. ರೋಡಿನಲ್ಲಿ ಅರ್ಧ ದಿನ ಸುತ್ತಿದರೆ ಒಂದು ಕಂಪ್ಯೂಟರ್‌ಗೆ ಬೇಕಾದ್ದೆಲ್ಲ ಚೀಲದಲ್ಲಿ ಕೂತಿರುತ್ತದೆ. ಆದರೆ ತೊಂದರೆ ಅಂತ ಹೋದಾಗ ಬೋರ್ಡ್ ಕೊಟ್ಟವನು "ಬೋರ್ಡ್ ಪರ್ಫೆಕ್ಟ್ ಇದೆ, ಡಿಸ್ಕ್ ಚೆಕ್ ಮಾಡಿಸಿ ಮೇಡಂ" ಅನ್ನುತ್ತಾನೆ. ಡಿಸ್ಕ್ ಕೊಟ್ಟವನು ಅದನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿ, "ನೋಡಿ, ಇಲ್ಲಿ ಬರ್ತಿದೆಯಲ್ಲ" ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎನ್ನುವುದೇ ಇದರ ಮಜ.

ಪಕ್ಕದ ಮನೆ ಮೇಷ್ಟ್ರ ಮೊಮ್ಮಗ ಪಿಯುಸಿ ಮುಗಿದ ರಜೆಯಲ್ಲಿ ಹೀಗೇ ಒಂದು ಕಂಪ್ಯೂಟರ್ ಜೋಡಿಸಿದ. ವಿಂಡೋಸ್ ಹಾಕುವುದಕ್ಕೆ ತೆಳ್ಳಗಿನ ಒಂದು ಎಂ.2 ಡ್ರೈವ್, ಗೇಮುಗಳಿಗೆ ಅಂತ 1 ಟಿಬಿಯ ಹಾರ್ಡ್ ಡಿಸ್ಕ್. ಮೇಷ್ಟ್ರು ಕಾಂಪೌಂಡ್ ಗೋಡೆಗೆ ಮೊಣಕೈ ಊರಿ ಶುರು ಮಾಡಿದರು.

"ಏನಮ್ಮಾ, ಫ್ಯಾನೆಲ್ಲ ತಿರುಗುತ್ತೆ, ಬಣ್ಣದ ದೀಪ ಬೇರೆ ಹತ್ತುತ್ತೆ. ಡಿಸ್ಕ್ ಮಾತ್ರ ಇಲ್ಲ ಅನ್ನುತ್ತಂತೆ."

"ಇಲ್ಲ ಅಂದವರು ಯಾರು ಮೇಷ್ಟ್ರೇ?"

"ಯಾರು ಅಂದ್ರೆ? ಕಂಪ್ಯೂಟರು!"

"ಕಂಪ್ಯೂಟರ್ ಒಳಗೆ ಯಾರು?"

ಮೇಷ್ಟ್ರು ನನ್ನನ್ನು ಒಂದು ಥರಾ ನೋಡಿದರು. ಆದರೆ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಡಿಸ್ಕ್ ಇಲ್ಲ ಅನ್ನುವುದಕ್ಕೆ ಅಲ್ಲಿ ಮೂರು ಜನ ಇದ್ದಾರೆ. ಮೊದಲನೆಯದು ಬಯೋಸ್, ಎರಡನೆಯದು ವಿಂಡೋಸ್ ಹಾಕುವಾಗ ಬರುವ ಸೆಟಪ್, ಮೂರನೆಯದು ವಿಂಡೋಸ್ ಬಂದ ಮೇಲೆ ತೆರೆಯುವ 'ದಿಸ್ ಪಿಸಿ' ಕಿಟಕಿ. ಮೂವರೂ ಹೇಳುವುದು ಅದೇ ಮಾತು, ಅರ್ಥ ಮಾತ್ರ ಬೇರೆ ಬೇರೆ. ಯಾರು ಹೇಳಿದ್ದು ಅಂತ ವಿಚಾರಿಸದೆ ಔಷಧಿ ಶುರು ಮಾಡಿದರೆ ಕೊನೆಗೆ ಉಳಿಯುವುದು ಫಾರ್ಮ್ಯಾಟೇ.

ಬಯೋಸ್ ಅಂದರೆ ಸ್ವಿಚ್ ಹಾಕಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿದರೆ ಸಿಗುವ ಸೆಟ್ಟಿಂಗಿನ ಪುಟ. ಅದಕ್ಕೆ ವಿಂಡೋಸ್ ಬೇಕಿಲ್ಲ, ವಿಂಡೋಸಿನ ಡ್ರೈವರ್ರೂ ಬೇಕಿಲ್ಲ. ತಂತಿಯ ಆಚೆ ತುದಿಯಲ್ಲಿ ಯಾರಾದರೂ ಇದ್ದೀರಾ ಅಂತ ಕೂಗುತ್ತದೆ, ಓಗೊಟ್ಟವರ ಹೆಸರು ಬರೆದುಕೊಳ್ಳುತ್ತದೆ. ಅಲ್ಲಿ ಹೆಸರಿಲ್ಲ ಅಂದರೆ ವಿಂಡೋಸನ್ನು ಎಷ್ಟು ಸಲ ಹಾಕಿದರೂ ಅಷ್ಟೆ. ಪೆಟ್ಟಿಗೆ ಬಿಚ್ಚದೆ ಗತಿಯಿಲ್ಲ.

ಬಿಚ್ಚಿದ ಮೇಲೆ ನೋಡುವುದು ಬಹಳ ಇಲ್ಲ. ಈ 1 ಟಿಬಿಯಂಥ ಸಾಟಾ ಡಿಸ್ಕಿಗೆ ಎರಡೇ ತಂತಿ. ಏಳು ಸಂಪರ್ಕದ ಸಣ್ಣದು ಡೇಟಾಗೆ, ಹದಿನೈದು ಸಂಪರ್ಕದ ಅಗಲದ್ದು ಕರೆಂಟಿಗೆ. ಸ್ವಿಚ್ ಹಾಕಿದ ಹೊತ್ತಿಗೆ ಡಿಸ್ಕಿನ ಮಗ್ಗುಲಿಗೆ ಬೆರಳು ತಾಗಿಸಿ ನೋಡಿ. ನಿಮಿಷಕ್ಕೆ 5400ರಿಂದ 7200 ಸುತ್ತು ತಿರುಗುವ ತಟ್ಟೆ ಒಳಗಿದೆ, ತಿರುಗಿದರೆ ಸಣ್ಣ ನಡುಕ ಬೆರಳಿಗೆ ಗೊತ್ತಾಗಿಯೇ ಆಗುತ್ತದೆ. ನಡುಕ ಇದ್ದೂ ಬಯೋಸಿನಲ್ಲಿ ಹೆಸರಿಲ್ಲ ಅಂದರೆ ಡೇಟಾ ಕೇಬಲ್ ಅಥವಾ ಪೋರ್ಟನ್ನು ಅನುಮಾನಿಸಬೇಕು. ನಡುಕವೇ ಇಲ್ಲ ಅಂದರೆ ಮೊದಲು ಕರೆಂಟಿನ ಕಡೆ ನೋಡಬೇಕು. ಟಕ್ ಟಕ್ ಅಂತ ಒಂದೇ ಸಮ ಬಡಿದುಕೊಂಡರೆ ಹೆಚ್ಚಾಗಿ ಅದು ಒಳಗಿನ ಕಾಯಿಲೆ. ಅದರಲ್ಲಿ ಬೇಕಾದ ಫೈಲುಗಳಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡುವ ಚಟಕ್ಕೆ ಹೋಗಬಾರದು.

ಕೇಬಲ್ ಸಡಿಲವಾಗುವುದಕ್ಕೆ ನಮ್ಮ ಕಡೆ ಒಂದು ಸೀಸನ್ನೇ ಉಂಟು. ಆಯುಧಪೂಜೆಗೆ ಪೆಟ್ಟಿಗೆ ಬಿಚ್ಚಿ, ಧೂಳು ಊದಿ, ಒರೆಸಿ, ಅರಿಶಿನ ಕುಂಕುಮ ಇಟ್ಟು, ಮೇಲೊಂದು ಸೇವಂತಿಗೆ ಏರಿಸುತ್ತಾರೆ. ಒರೆಸುವ ಭರದಲ್ಲಿ ಬಟ್ಟೆ ಕೇಬಲ್ಲಿಗೆ ಸಿಕ್ಕಿ ಕೂದಲೆಳೆಯಷ್ಟು ಈಚೆ ಬಂದಿರುತ್ತದೆ. ವಿಜಯದಶಮಿಯ ಬೆಳಿಗ್ಗೆ ಡಿಸ್ಕ್ ಇಲ್ಲ. ದೇವರು ಮುನಿದಿರುವುದಿಲ್ಲ, ಎಲ್ಲ ಸಾಟಾ ಕೇಬಲ್ಲಿಗೂ ಲಾಕಿನ ಕ್ಲಿಪ್ ಇರುವುದಿಲ್ಲ, ಅಷ್ಟೆ. ಡಿಸ್ಕ್ ಒಮ್ಮೆ ಬಂದು ಒಮ್ಮೆ ಹೋಗಿ ಆಟ ಆಡಿಸುತ್ತಿದ್ದರೆ ಅದು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿ ತೆಗೆದು ನೋಡಬಹುದು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಐದನೇ ನಂಬರಿನ ಸಾಲೂ 197ನೆಯದೂ ಏರುತ್ತಿದ್ದರೆ ತಟ್ಟೆಯೇ ಹಾಳಾಗುತ್ತಿದೆ ಎಂದು ಲೆಕ್ಕ. 199ನೆಯದು ಮಾತ್ರ ಏರುತ್ತಿದ್ದರೆ ದಾರಿಯಲ್ಲಿ ಡೇಟಾ ಕೆಡುತ್ತಿದೆ ಎಂದರ್ಥ, ಅಲ್ಲಿ ಹೆಚ್ಚಾಗಿ ತಪ್ಪು ಕೇಬಲ್ಲಿನದು. ಸಾವಿರಾರು ರೂಪಾಯಿಯ ಡಿಸ್ಕನ್ನು ಕಸಕ್ಕೆ ಹಾಕುವ ಮೊದಲು ಆ ಚಿಲ್ಲರೆ ತಂತಿಯನ್ನು ಬದಲಾಯಿಸಿ ನೋಡಿದರೆ ನಷ್ಟವೇನೂ ಇಲ್ಲ.

ಆದರೆ ಕರೆಂಟಿನ ಕೇಬಲ್ಲನ್ನು ಹಾಗೆ ಸಿಕ್ಕಿದ ಕಡೆಯಿಂದ ತಂದು ಹಾಕುವಂತಿಲ್ಲ. ಈಗಿನ ಅನೇಕ ಪವರ್ ಸಪ್ಲೈಗಳಲ್ಲಿ ಕೇಬಲ್ಲುಗಳನ್ನು ಎರಡು ಕಡೆಯೂ ಬಿಚ್ಚಬಹುದು. ಡಿಸ್ಕಿನ ಕಡೆಯ ತುದಿ ಎಲ್ಲ ಕಂಪನಿಯದ್ದೂ ಒಂದೇ. ಪವರ್ ಸಪ್ಲೈ ಕಡೆಯ ತುದಿಗೆ ಅಂಥ ಕಟ್ಟಳೆ ಇಲ್ಲ. ಒಂದರ ಕೇಬಲ್ ಇನ್ನೊಂದಕ್ಕೆ ಸಲೀಸಾಗಿ ಕೂತೀತು, 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋದೀತು. ಆಮೇಲೆ ಡಿಸ್ಕ್ ಇಲ್ಲ ಅನ್ನುವ ಮಾತು ಅಕ್ಷರಶಃ ನಿಜವಾಗುತ್ತದೆ.

ಮೇಷ್ಟ್ರ ಮೊಮ್ಮಗ ಅಷ್ಟರಲ್ಲಿ ಮಹಡಿಯಿಂದಲೇ ಕೂಗಿದ. "ಆಂಟಿ, ಬಯೋಸಲ್ಲಿ ಎಂ.2 ಬರ್ತಿದೆ. 1 ಟಿಬಿ ಬರ್ತಿಲ್ಲ. ಕೇಬಲ್ ಬೇರೆ ಹಾಕಿ ನೋಡ್ದೆ, ಡಿಸ್ಕ್ ತಿರುಗ್ತಾನೂ ಇದೆ."

"ಬೋರ್ಡಿನ ಮ್ಯಾನ್ಯುಯಲ್ ಎಲ್ಲಪ್ಪಾ?"

ಮ್ಯಾನ್ಯುಯಲ್ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿತ್ತು. ಬಿಚ್ಚಿಯೇ ಇರಲಿಲ್ಲ. ಅದರಲ್ಲಿ ಸಾಟಾ ಪೋರ್ಟುಗಳ ಚಿತ್ರದ ಕೆಳಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ: ಎರಡನೇ ಎಂ.2 ಸ್ಲಾಟಿನಲ್ಲಿ ಡ್ರೈವ್ ಹಾಕಿದರೆ ಇಂಥ ನಂಬರಿನ ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ. ಎಷ್ಟೋ ಬೋರ್ಡುಗಳ ಹಣೆಬರಹ ಇದು. ಒಳಗಿನ ಡೇಟಾದ ಹಾದಿಗಳು ಎಣಿಸಿಟ್ಟಷ್ಟೇ ಇರುತ್ತವೆ. ಸ್ಲಾಟೂ ಪೋರ್ಟೂ ಒಂದೇ ಹಾದಿಯನ್ನು ಹಂಚಿಕೊಂಡಿದ್ದರೆ ಒಂದು ಎದ್ದಾಗ ಇನ್ನೊಂದು ಮಲಗುತ್ತದೆ. ಹುಡುಗ ಸರಿಯಾಗಿ ಆ ಮಲಗಿದ ಪೋರ್ಟಿಗೇ ಡಿಸ್ಕ್ ಸಿಕ್ಕಿಸಿದ್ದ. ಪಕ್ಕದ ಪೋರ್ಟಿಗೆ ಬದಲಾಯಿಸಿದ, ಡಿಸ್ಕ್ ಬಂತು. ಅಂಗಡಿಯವರಿಬ್ಬರೂ ನಿಜವನ್ನೇ ಹೇಳಿದ್ದರು ಅಂದೆನಲ್ಲ, ಇದಕ್ಕೇ.

ಮೊದಲನೆಯ 'ಇಲ್ಲ' ಮುಗಿಯಿತು ಅನ್ನುವಷ್ಟರಲ್ಲಿ ಎರಡನೆಯವರ ಸರದಿ. ವಿಂಡೋಸ್ ಸೆಟಪ್ ತೆರೆದರೆ ಅಲ್ಲಿ 1 ಟಿಬಿ ಇದೆ, ಎಂ.2 ಇಲ್ಲ! "ಇದೇನಮ್ಮಾ, ಒಬ್ಬರು ಬಂದ್ರೆ ಇನ್ನೊಬ್ಬರು ಎದ್ದು ಹೋಗ್ತಾರೆ, ನಮ್ಮ ಸ್ಟಾಫ್ ರೂಮ್ ಆಯ್ತಲ್ಲ" ಅಂದರು ಮೇಷ್ಟ್ರು. ಬಯೋಸಿನಲ್ಲಿ ಹೆಸರಿದ್ದು ಸೆಟಪ್‌ನಲ್ಲಿ ಇಲ್ಲ ಅಂದರೆ ತಂತಿ, ತಿರುಪು ಮುಟ್ಟಬೇಕಾದ ಕೆಲಸವಿಲ್ಲ. ಡಿಸ್ಕ್ ಇದೆ, ಅದರ ಹತ್ತಿರ ಮಾತಾಡುವುದಕ್ಕೆ ಸೆಟಪ್‌ಗೆ ಡ್ರೈವರ್ ಇಲ್ಲ. ಇಂಟೆಲ್‌ನ ಹನ್ನೊಂದನೇ ತಲೆಮಾರಿನಿಂದ ಈಚೆಯ ಅನೇಕ ಯಂತ್ರಗಳಲ್ಲಿ ಬಯೋಸ್ ಒಳಗೆ ವಿಎಂಡಿ ಎಂಬ ಆಯ್ಕೆ ಇರುತ್ತದೆ. ಅದು ಆನ್ ಆಗಿದ್ದರೆ ಎಂ.2 ಡ್ರೈವು ನೇರವಾಗಿ ಕಾಣದೆ ವಿಎಂಡಿಯ ಹಿಂದೆ ಕೂತಿರುತ್ತದೆ. ಆಗ ದಾರಿ ಎರಡು. ಇಂಟೆಲ್ ಡ್ರೈವರನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಬಂದು ಸೆಟಪ್‌ನಲ್ಲಿ 'ಲೋಡ್ ಡ್ರೈವರ್' ಒತ್ತುವುದು ಒಂದು. ಹಲವು ಡಿಸ್ಕುಗಳನ್ನು ಒಟ್ಟುಗೂಡಿಸುವ ರೇಡ್ ಗೀಡ್ ಏನೂ ಬೇಡದ ಮನೆಯ ಯಂತ್ರವಾದರೆ ವಿಎಂಡಿಯನ್ನೇ ಆಫ್ ಮಾಡುವುದು ಇನ್ನೊಂದು. ಆಫ್ ಮಾಡುವುದಾದರೆ ವಿಂಡೋಸ್ ಹಾಕುವ ಮೊದಲೇ ಮಾಡಬೇಕು. ಹಾಕಿದ ಮೇಲೆ ಮಾಡಿದರೆ ವಿಂಡೋಸ್ ತನ್ನ ಡಿಸ್ಕನ್ನೇ ಹುಡುಕಲಾರದೆ ನೀಲಿ ಪರದೆ ತೋರಿಸಿ ಕೂರುತ್ತದೆ.

ಈ ಸಂಕಟ ಹೊಸದೇನಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೂ ಇದೇ ಗೋಳು. ಇನ್‌ಸ್ಟಾಲ್ ಶುರುವಾದಾಗ ಪರದೆಯ ಕೆಳಗೆ ನಾಲ್ಕು ಕ್ಷಣ ಒಂದು ಸಾಲು ಮಿಂಚುತ್ತಿತ್ತು: ಬೇರೆ ಡ್ರೈವರ್ ಇದ್ದರೆ ಎಫ್6 ಒತ್ತಿ. ಒತ್ತಿದರೆ ಅದು ಕೇಳುತ್ತಿದ್ದುದು ಫ್ಲಾಪಿಯನ್ನು! ಆ ಹೊತ್ತಿಗೆ ಫ್ಲಾಪಿ ಹಾಕುವ ಕಿಂಡಿಯೇ ಇಲ್ಲದ ಪೆಟ್ಟಿಗೆಗಳು ಬರತೊಡಗಿದ್ದವು. ಹೊಸ ಸಾಟಾ ಡಿಸ್ಕ್ ಹಾಕುವುದಕ್ಕೆ ಹಳೆ ಫ್ಲಾಪಿ ಡ್ರೈವನ್ನು ಸಾಲ ತರಬೇಕು. ಬೇಡವಾದರೆ ಬಯೋಸಿನಲ್ಲಿ ಸಾಟಾ ಡಿಸ್ಕಿಗೆ ಹಳೆಯ ಐಡಿಇ ಡಿಸ್ಕಿನ ವೇಷ ಹಾಕಿಸಬೇಕು.

ಅಂತೂ ವಿಂಡೋಸ್ ಬಂತು. ಬಂದದ್ದು ಗಂಟು ಮೂಟೆ ಇಲ್ಲದೆ ಬಂದ ನೆಂಟರ ಹಾಗೆ. ನೆಟ್ ಇಲ್ಲ, ಸೌಂಡ್ ಇಲ್ಲ. ನೆಟ್‌ವರ್ಕ್ ಡ್ರೈವರ್ ಇದ್ದರೆ ನೆಟ್ ಬರುತ್ತದೆ, ಆ ಡ್ರೈವರ್ ಇಳಿಸಿಕೊಳ್ಳುವುದಕ್ಕೆ ನೆಟ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಬೋರ್ಡಿನ ಡಬ್ಬಿಯಲ್ಲಿ ಡ್ರೈವರುಗಳ ಡಿವಿಡಿ ಇತ್ತು, ಹುಡುಗನ ಪೆಟ್ಟಿಗೆಯಲ್ಲಿ ಅದನ್ನು ಹಾಕುವ ಜಾಗವೇ ಇರಲಿಲ್ಲ. ಇಂಥ ಹೊತ್ತಿನಲ್ಲಿ ಕೈಹಿಡಿಯುವುದು ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನು. ಚಾರ್ಜಿಂಗ್ ವೈರಿನಲ್ಲೇ ಕಂಪ್ಯೂಟರ್‌ಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ವಿಂಡೋಸ್ ಬೇರೇನೂ ಕೇಳದೆ ನೆಟ್ ತೆಗೆದುಕೊಳ್ಳುತ್ತದೆ. ಆಮೇಲೆ ಬೋರ್ಡ್ ತಯಾರಕರ ಪುಟಕ್ಕೇ ಹೋಗಿ ಆ ಮಾಡೆಲ್ಲಿನ ಡ್ರೈವರ್ ಇಳಿಸಬೇಕು. "ನಿಮ್ಮ ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿಗೆ" ಎಂದು ಮಿನುಗುವ ಬಟನ್ನುಗಳ ತಂಟೆಗೆ ಹೋದರೆ ಬೇಡದ್ದೆಲ್ಲ ಬಂದು ಕೂರುತ್ತದೆ.

ಅಷ್ಟಾದ ಮೇಲೂ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನ 'ಅನ್‌ನೋನ್ ಡಿವೈಸ್' ಒಂದು ಉಳಿದಿತ್ತು. ಹೆಸರು ಹೇಳದಿದ್ದರೂ ಅದು ಊರು ಹೇಳುತ್ತದೆ. ಪ್ರಾಪರ್ಟೀಸ್, ಡೀಟೇಲ್ಸ್, ಅಲ್ಲಿಂದ ಹಾರ್ಡ್‌ವೇರ್ ಐಡಿ ತೆಗೆದರೆ ವೆಂಡರ್ ಅಂಕಿ ಕಾಣುತ್ತದೆ. 10ಇಸಿ ಇದ್ದರೆ ರಿಯಲ್‌ಟೆಕ್, 10ಡಿಇ ಇದ್ದರೆ ಎನ್ವಿಡಿಯಾ, 1002 ಇದ್ದರೆ ಎಎಂಡಿ. ನಾವು ನೋಡಿದಾಗ ಇದ್ದದ್ದು 8086. ಇಂಟೆಲ್ 1978ರಲ್ಲಿ ತಂದ ಹೆಸರಾಂತ ಪ್ರೊಸೆಸರಿನ ನಂಬರ್ ಅದು. ಇವತ್ತಿಗೂ ಕಂಪನಿ ಅದನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡಿದೆ. ಇಂಟೆಲ್‌ನ ಚಿಪ್‌ಸೆಟ್ ಡ್ರೈವರ್ ಹಾಕಿದ ಮೇಲೆ ಹಳದಿ ಹೋಯಿತು.

ಕಟ್ಟಕಡೆಗೆ ಮೂರನೆಯವರು. ಎಲ್ಲ ಸರಿಹೋಯಿತು, ದಿಸ್ ಪಿಸಿಯಲ್ಲಿ ಮಾತ್ರ 1 ಟಿಬಿ ಮತ್ತೆ ನಾಪತ್ತೆ. ಇದು ಕಾಯಿಲೆಯೇ ಅಲ್ಲ. ಹೊಸ ಡಿಸ್ಕ್ ಖಾಲಿ ಸೈಟು. ಖಾತೆ ಆಗಿಲ್ಲ, ಬೇಲಿ ಹಾಕಿಲ್ಲ, ಮನೆ ನಂಬರಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಕೆಳಗೆ ಕಪ್ಪು ಪಟ್ಟಿಯಾಗಿ ಮಲಗಿರುತ್ತದೆ. ಇನಿಷಿಯಲೈಸ್ ಮಾಡಿ, ಜಿಪಿಟಿ ಆರಿಸಿ, ವಾಲ್ಯೂಮ್ ಮಾಡಿ, ಒಂದು ಅಕ್ಷರ ಕೊಟ್ಟರೆ ಮುಗಿಯಿತು. ಬೀದಿಯವರ ಫಾರ್ಮ್ಯಾಟ್ ಸಲಹೆ ಸರಿಹೋಗುವ ಜಾಗ ಇದೊಂದೇ.

"ನಮ್ಮ ಹಳೇ ಡಿಸ್ಕೂ ಒಂದಿದೆ, ಮಗಳ ಮದುವೆ ಫೋಟೋ ಇರೋದು. ಅದಕ್ಕೂ ಹಿಂಗೇ ಮಾಡ್ಲೇನು?" ಅಂದರು ಮೇಷ್ಟ್ರು.

"ಮೇಷ್ಟ್ರೇ, ಅದನ್ನ ಹಾಕಿದಾಗ ಇನಿಷಿಯಲೈಸ್ ಮಾಡ್ಲಾ ಅಂತ ಕೇಳಿದ್ರೆ ಕ್ಯಾನ್ಸಲ್ ಒತ್ತಿ ಕೈ ಹಿಂದೆ ಕಟ್ಟಿಕೊಳ್ಳಿ. ಹೊಸ ಡಿಸ್ಕ್ ಕೇಳಿದ್ರೆ ಸಹಜ. ಫೋಟೋ ಇರೋ ಡಿಸ್ಕ್ ಕೇಳ್ತಿದೆ ಅಂದ್ರೆ ಅದರ ವಿಭಾಗಗಳ ಪಟ್ಟಿ ಕೆಟ್ಟಿದೆ, ಇಲ್ಲ ಓದೋಕಾಗ್ತಿಲ್ಲ ಅಂತ. ಫೋಟೋ ಇನ್ನೂ ಒಳಗೇ ಇರಬಹುದು. ಅದರ ಮೇಲೆ ಹೊಸದಾಗಿ ಏನೂ ಬರೀಬಾರದು, ತಿಳಿದವರ ಹತ್ರ ಕೊಂಡೊಯ್ಯಬೇಕು."

ಮೊಮ್ಮಗ ಅಷ್ಟರಲ್ಲಿ ಹೊಸ ಡಿಸ್ಕಿಗೆ ಅಕ್ಷರ ಕೊಟ್ಟಿದ್ದ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಒಳಗೆ ಹೋಗಿ ನೋಡಿ ಬಂದರು. ಗಣಿತದ ಮೇಷ್ಟ್ರು, ಕಣ್ಣು ನೇರ ಅಂಕಿಯ ಮೇಲೆ ಬಿದ್ದಿತ್ತು.

"1 ಟಿಬಿ ಅಂತ ದುಡ್ಡು ಕೊಟ್ಟಿದೀವಿ. 931 ಜಿಬಿ ತೋರಿಸ್ತಿದೆ. ಮಿಕ್ಕಿದ್ದು ಎಲ್ಲಿ ಡಿಟೆಕ್ಟ್ ಆಗ್ತಿಲ್ಲ?"

"ಎಲ್ಲೂ ಹೋಗಿಲ್ಲ ಮೇಷ್ಟ್ರೇ. ಡಿಸ್ಕ್ ಕಂಪನಿಯವರು ಸಾವಿರದ ಲೆಕ್ಕದಲ್ಲಿ ಗುಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಭಾಗಿಸುತ್ತೆ. ಲಕ್ಷ ಕೋಟಿ ಬೈಟನ್ನ ಮೂರು ಸಲ 1024ರಿಂದ ಭಾಗಿಸಿ ನೋಡಿ, 931 ಚಿಲ್ಲರೆ ಬರುತ್ತೆ."

ಮೇಷ್ಟ್ರು ಗೋಡೆಯ ಮೇಲೆ ಬೆರಳಿನಲ್ಲೇ ಭಾಗಾಕಾರ ಮಾಡಿ ಮುಗಿಸಿ, ಲೆಕ್ಕ ಸರಿಯಿದೆ ಎಂದು ಒಪ್ಪಿದರು. ಆಮೇಲೆ ಬಿಲ್ಲನ್ನು ಮತ್ತೊಮ್ಮೆ ಬಿಡಿಸಿ ನೋಡಿ ಕೇಳಿದರು:

"ಹಂಗಾದ್ರೆ ಕಾಣದೇ ಇರೋ ಆ ಅರವತ್ತೊಂಬತ್ತಕ್ಕೂ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಹಾಕಿದಾನಲ್ಲಮ್ಮಾ!"