ಪೂರ್ವಮಾಲೀಕವಾಕ್ಯ ಖಂಡನ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದವನಿಗೆ ಗೇಟಿನಲ್ಲೇ ಎದುರಾಗುವ ಮೊದಲ ಮೂರು ಪ್ರಶ್ನೆಗಳು ಯಾವ ಬಡಾವಣೆಯಲ್ಲೂ ಬದಲಾಗುವುದಿಲ್ಲ: ಈಗ ಎಲ್ಲಿದ್ದೀರಿ, ಯಾಕೆ ಬಿಡ್ತಿದ್ದೀರಿ, ಆ ಓನರ್ ನಂಬರ್ ಕೊಡಿ. ಮೊದಲೆರಡಕ್ಕೆ ಸಮಯಸ್ಫೂರ್ತಿ ಸಾಕು. ಮೂರನೆಯದಕ್ಕೆ ಹತ್ತು ಅಂಕಿ ಬೇಕು. ಆ ಹತ್ತು ಅಂಕಿ ಇಲ್ಲದವನ ಉದ್ಧಾರಕ್ಕಾಗಿ ಈ ಗ್ರಂಥ ಪ್ರವೃತ್ತವಾಗಿದೆ. ಶಾಸ್ತ್ರ ಬರೆಯಹೊರಟವರು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಟು-ಲೆಟ್ ಬೋರ್ಡಿನ ಕೆಳಗೆ ಹೆಲ್ಮೆಟ್ ಹಿಡಿದು ನಿಂತು, ಮಳೆಗೆ ಮಾಸಿದ ಕೊನೆಯ ಅಂಕಿ ಒಂದೋ ಏಳೋ ಎಂಬ ಸಂಶಯಕ್ಕೆ ಬಿದ್ದವನೇ ಇಲ್ಲಿ ಅಧಿಕಾರಿ. ಹಿಂದಿನ ಮನೆಯ ಮಾಲೀಕನ ಒಳ್ಳೆಯ ಮಾತು ವಿಷಯ. ತಿಂಗಳು ತುಂಬುವುದರೊಳಗೆ ತಲೆಯ ಮೇಲೊಂದು ಮೋಲ್ಡು ಪ್ರಯೋಜನ. ಸಂಬಂಧವೆಂದರೆ ಬ್ರೋಕರ್, ಅವನಿಗೆ ಒಂದು ತಿಂಗಳ ಬಾಡಿಗೆ ಕೊಡತಕ್ಕದ್ದು. ನಮ್ಮ ಸಿದ್ಧಾಂತ ಇಷ್ಟು: ಪೂರ್ವಮಾಲೀಕನ ವಾಕ್ಯ ಪ್ರಮಾಣವೇ ಅಲ್ಲ, ಆದ್ದರಿಂದ ಅದಿಲ್ಲದಿರುವುದು ಕೊರತೆಯೂ ಅಲ್ಲ. ಅನುಮಾನಿಸಬೇಕಾದದ್ದು ಅದನ್ನು ಜೇಬಿನಲ್ಲಿಟ್ಟುಕೊಂಡು ಬರುವವನನ್ನು.

ಗೌತಮನ ನ್ಯಾಯಸೂತ್ರಗಳು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತವೆ. ಬಾಡಿಗೆದಾರನ ಗುಣ ಪ್ರತ್ಯಕ್ಷಕ್ಕೆ ಸಿಗುವಂಥದ್ದಲ್ಲ. ಮನೆ ನೋಡಲು ಬಂದಾಗ ಎಲ್ಲರೂ ಇಸ್ತ್ರಿ ಅಂಗಿಯವರೇ, ಎಲ್ಲರ ಮಕ್ಕಳೂ ಗೋಡೆಯ ಮೇಲೆ ಬರೆಯದವರೇ. ಹಾಗಾಗಿ ಮಾಲೀಕರು ಶಬ್ದಪ್ರಮಾಣಕ್ಕೆ ಮೊರೆಹೋಗುತ್ತಾರೆ. ಆದರೆ ಶಬ್ದವು ಪ್ರಮಾಣವಾಗುವುದು ಅದನ್ನಾಡಿದವನು ಆಪ್ತನಾಗಿದ್ದರೆ ಮಾತ್ರ. ಆಪ್ತನೆಂದರೆ ಯಾರೆಂಬುದನ್ನು ಭಾಷ್ಯಕಾರ ವಾತ್ಸ್ಯಾಯನ ಬಿಡಿಸಿ ಹೇಳಿದ್ದಾನೆ: ವಸ್ತುವನ್ನು ನೇರವಾಗಿ ಅರಿತಿರಬೇಕು, ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆಯೂ ಇರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಆತ ಸೇರಿಸಿರುವುದರಿಂದ ಮನೆ ಮಾಲೀಕರನ್ನು ಹೊರಗಿಡಲು ತಾತ್ತ್ವಿಕ ಕಾರಣವಿಲ್ಲ. ಪರೀಕ್ಷಿಸಿಯೇ ನೋಡೋಣ. ನೇರ ಅರಿವಿನ ವಿಚಾರಕ್ಕೆ ಬಂದರೆ, ಕೆಳಗಿನ ಮನೆಯಲ್ಲೇ ಇರುವ ಮಾಲೀಕನಿಗೆ ಮೇಲಿನವರು ರಾತ್ರಿ ಎಷ್ಟು ಹೊತ್ತಿಗೆ ಕುರ್ಚಿ ಎಳೆಯುತ್ತಾರೆಂಬುದರವರೆಗೂ ಅದು ಉಂಟು. ಅಮೆರಿಕದಲ್ಲಿದ್ದುಕೊಂಡು ಭಾವಮೈದುನನ ಕೈಲಿ ಬಾಡಿಗೆ ವಸೂಲಿ ಮಾಡಿಸುವವನಿಗೆ ಬ್ಯಾಂಕಿನ ಮೆಸೇಜು ಬಿಟ್ಟರೆ ಬೇರೆ ಅರಿವಿಲ್ಲ.

ತೊಡಕಿರುವುದು ಎರಡನೆಯ ಲಕ್ಷಣದಲ್ಲಿ. ಬಾಡಿಗೆದಾರ ಕಾಟ ಕೊಡುವವನು ಎಂದಿಟ್ಟುಕೊಳ್ಳಿ. ಅವನು ತೊಲಗಿದರೆ ಸಾಕೆಂದು ಹರಕೆ ಹೊತ್ತಿರುವ ಮಾಲೀಕ, ಹೊಸ ಮನೆಯಿಂದ ಫೋನು ಬಂದ ಕೂಡಲೇ, ‘ಬಂಗಾರದಂಥ ಮನುಷ್ಯ ಸಾರ್, ನಮ್ಮ ಮನೆಯವರ ಥರ ಇದ್ರು’ ಎನ್ನದೆ ಇನ್ನೇನೆಂದಾನು? ಇನ್ನು ಬಾಡಿಗೆದಾರ ನಿಜಕ್ಕೂ ಬಂಗಾರವೇ ಆಗಿದ್ದರೆ, ಒಂದನೇ ತಾರೀಕಿಗೆ ತಪ್ಪದೆ ಬರುತ್ತಿದ್ದ ಬಾಡಿಗೆ ಕೈಬಿಟ್ಟುಹೋಗುತ್ತಿರುವ ಸಂಕಟದಲ್ಲಿ ಅವನ ದನಿ ಬಿಗಿದುಕೊಳ್ಳುತ್ತದೆ: ‘ಪರವಾಗಿಲ್ಲ, ಇದ್ರು. ನೋಡಿ, ನಿಮ್ಮಿಷ್ಟ.’ ಹೀಗೆ ಹೊಗಳಿಕೆಯು ಕಾಟವನ್ನೂ ಬಿಗುಮಾನವು ಸದ್ಗುಣವನ್ನೂ ಸೂಚಿಸುತ್ತದೆ. ಸಾಧಿಸಬೇಕಾದದ್ದರ ವಿರುದ್ಧವನ್ನೇ ಸಾಧಿಸಿಕೊಡುವ ಹೇತುವಿಗೆ ತಾರ್ಕಿಕರು ವಿರುದ್ಧವೆಂಬ ಹೇತ್ವಾಭಾಸದ ಪಟ್ಟ ಕಟ್ಟಿದ್ದಾರೆ. ಜಗತ್ತಿನಲ್ಲಿ ಅದಕ್ಕೆ ಇಷ್ಟು ಶುದ್ಧವಾದ ಉದಾಹರಣೆ ಇನ್ನೊಂದಿರಲಾರದು. ಮೇಲಾಗಿ ಫೋನು ಬರುವ ಹೊತ್ತಿಗೆ ಹಳೆಯ ಅಡ್ವಾನ್ಸ್ ಇನ್ನೂ ಮಾಲೀಕನ ಕೈಯಲ್ಲೇ ಇರುತ್ತದೆ. ಅದರಲ್ಲಿ ಪೇಂಟಿಂಗಿಗೆಂದು ಎಷ್ಟು ಮುರಿದುಕೊಳ್ಳಬೇಕೆಂಬ ಚರ್ಚೆ ನಡೆದಿರುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಸಹಜ ಸವೆತವನ್ನು ಬಾಡಿಗೆದಾರನ ತಲೆಗೆ ಕಟ್ಟಬಾರದೆಂಬರ್ಥದ ಮಾತು ಹೇಳಿದ್ದರೂ, ಗೋಡೆಯ ಬಣ್ಣ ಮಾಸುವುದು ಸಹಜವೆಂದು ಒಪ್ಪುವ ಮಾಲೀಕ ಇನ್ನೂ ಅವತರಿಸಿಲ್ಲ. ವ್ಯಾಜ್ಯದಲ್ಲಿ ಕಕ್ಷಿಯಾದವನು ಅದೇ ವ್ಯಾಜ್ಯಕ್ಕೆ ತಟಸ್ಥ ಸಾಕ್ಷಿಯೂ ಆಗುವುದು ಯಾವ ಸ್ಮೃತಿಗೂ ಒಪ್ಪಿತವಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಂತು, ಒಬ್ಬ ಮಾಲೀಕ ಸುಳ್ಳಾಡಿದರೆ ಅದಕ್ಕೂ ಹಿಂದಿನ ಮಾಲೀಕನನ್ನು ಕೇಳಿದರಾಯಿತಲ್ಲ ಎನ್ನುತ್ತಾನೆ. ಕೇಳಬಹುದು. ಆದರೆ ಅವನ ಮಾತಿಗೆ ಯಾರು ಹೊಣೆ? ಅವನಿಗೂ ಹಿಂದಿನವನು. ಈ ಅನವಸ್ಥೆ ಮನೆಯಿಂದ ಮನೆಗೆ ಹಿಂದೆ ಸರಿಯುತ್ತ, ಮನುಷ್ಯ ಬಾಡಿಗೆಯಿಲ್ಲದೆ ಒಂಬತ್ತು ತಿಂಗಳು ವಾಸವಾಗಿದ್ದ ಜಾಗಕ್ಕೆ ಹೋಗಿ ಮುಟ್ಟುತ್ತದೆ. ಅಲ್ಲಿಯ ಮಾಲಕಿ ಮಗನ ಬಗ್ಗೆ ಹೇಳುವುದನ್ನು ಯಾವ ನ್ಯಾಯಾಲಯವೂ ಪರಿಗಣಿಸದು. ಮೊದಲ ಸಲ ಬಾಡಿಗೆಗೆ ಬರುವವನ ಗತಿಯಂತೂ ಇನ್ನೂ ಕಷ್ಟದ್ದು. ಹಾಸ್ಟೆಲಿನಿಂದ ಬಂದವನು, ಪೀಜಿಯಿಂದ ಬಂದವನು, ಹೊಸದಾಗಿ ಮದುವೆಯಾದವರು, ಇದ್ದ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದ್ದರಿಂದ ಹೊರಬಿದ್ದವರು, ಊರಿನಲ್ಲಿ ತೊಟ್ಟಿಮನೆ ಇದ್ದು ಜೀವಮಾನದಲ್ಲಿ ಬಾಡಿಗೆ ಎಂಬುದನ್ನೇ ಕಾಣದವನು, ಇವರೆಲ್ಲ ಬಾಡಿಗೆ ಮನೆ ಸಿಗಬೇಕಾದರೆ ಮೊದಲು ಬಾಡಿಗೆ ಮನೆಯಲ್ಲಿದ್ದಿರಬೇಕು. ಬೀಜಾಂಕುರ ನ್ಯಾಯವನ್ನು ಕಂಡುಹಿಡಿದವರು ಹೊಲದ ಬದುವಿನಲ್ಲಿ ಕುಳಿತಿದ್ದರೆಂಬುದು ಪಂಡಿತರ ಊಹೆ. ಬ್ರೋಕರ್ ಆಫೀಸಿನ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದರೆಂದು ನಮ್ಮ ಮತ. ಇದರಿಂದ ಪಾರಾಗಲು ಮೀಮಾಂಸಕರು ತೋರಿದ ದಾರಿಯೊಂದೇ ಉಳಿದಿದೆ. ಜ್ಞಾನದ ಪ್ರಾಮಾಣ್ಯ ಸ್ವತಃಸಿದ್ಧ, ಸುಳ್ಳೆನ್ನುವುದಕ್ಕೇ ಹೊರಗಿನ ಕಾರಣ ಬೇಕು ಎಂದು ಅವರು ಸಾಧಿಸಿದರು. ಉಡುಪಿಯ ಮಧ್ವಾಚಾರ್ಯರೂ ಸ್ವತಃಪ್ರಾಮಾಣ್ಯದ ಪಕ್ಷದವರೇ. ಅಂದಮೇಲೆ ಬಾಡಿಗೆದಾರನೂ ಬಾಧಕ ಕಾಣಿಸುವವರೆಗೆ ಸ್ವತಃ ಸಭ್ಯ. ಕಾಣದ ಬಾಧಕವನ್ನು ಫೋನು ಮಾಡಿ ಹುಡುಕುವುದು ನೈಯಾಯಿಕರ ಚಟ.

ಇರಲಿ, ವಾದಕ್ಕಾಗಿ ಪೂರ್ವಮಾಲೀಕನನ್ನು ಸತ್ಯವಂತನೆಂದೇ ಒಪ್ಪೋಣ. ಆಗಲೂ ಅವನ ಮಾತು ಯಾರನ್ನು ಕುರಿತದ್ದು ಎಂಬ ಪ್ರಶ್ನೆ ಉಳಿಯುತ್ತದೆ. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಯಾರಿಗೆ ಬೇಕೆಂದು ದೇಶದ ಮಾಲೀಕರೆಲ್ಲ ಸೇರಿ 11 ತಿಂಗಳಿನ ಅಗ್ರಿಮೆಂಟ್ ಎಂಬ ಕಾಲಮಾನವನ್ನು ಸೃಷ್ಟಿಸಿಕೊಂಡಿದ್ದಾರೆ. ಇದು ನೇರವಾಗಿ ಬೌದ್ಧರ ಕ್ಷಣಿಕವಾದ. ಹನ್ನೊಂದನೆಯ ತಿಂಗಳು ತುಂಬುತ್ತಲೇ ಬಾಡಿಗೆದಾರ ಕಾಗದದ ಮೇಲೆ ನಾಶ ಹೊಂದುತ್ತಾನೆ. ಮರುಕ್ಷಣ ಅದೇ ಹೆಸರಿನ, ಅದೇ ಮಿಕ್ಸಿಯ, ತುಸು ಹೆಚ್ಚು ಬಾಡಿಗೆಯ ಬೇರೊಬ್ಬ ಬಾಡಿಗೆದಾರ ಉತ್ಪನ್ನನಾಗುತ್ತಾನೆ. ಇದ್ದವನು ಇವನೇ ಎಂದು ಮಾಲೀಕ ಒಪ್ಪಿಬಿಟ್ಟರೆ ಇಡೀ ಏರ್ಪಾಡಿಗೇ ಸಂಚಕಾರ. ಐದು ವರ್ಷ ಒಂದೇ ಮನೆಯಲ್ಲಿದ್ದೆನೆಂದು ಹೇಳಿಕೊಳ್ಳುವವನು ತಾತ್ತ್ವಿಕವಾಗಿ ಒಂದು ಸಂತಾನಧಾರೆಯೇ ಹೊರತು ವ್ಯಕ್ತಿಯಲ್ಲ, ಧಾರೆಗೆ ಶಿಫಾರಸು ಪತ್ರ ಕೊಡಲು ಬರುವುದಿಲ್ಲ.

ಪ್ರಾಚೀನರ ಸಮ್ಮತಿಯಾದರೂ ಪೂರ್ವಪಕ್ಷಿಗೆ ಉಂಟೇ ಎಂದು ನೋಡಿದರೆ ಅದೂ ಇಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಾಡಿಗೆಯ ಪ್ರಸ್ತಾಪ ಚೆನ್ನಾಗಿಯೇ ಇದೆ. ಬಿಡು ಎಂದರೂ ಬಿಡದ ಬಾಡಿಗೆದಾರನಿಗೆ ದಂಡ. ಬಾಡಿಗೆ ಕೊಡುತ್ತಿರುವವನನ್ನು ಸಕಾರಣವಿಲ್ಲದೆ ಹೊರಹಾಕುವ ಮಾಲೀಕನಿಗೂ ದಂಡ. ತಾನಾಗಿ ಬಿಟ್ಟುಹೋಗುವವನು ವರ್ಷದ ಬಾಡಿಗೆಯ ಬಾಕಿಯನ್ನು ಕಟ್ಟಿ ಹೋಗಬೇಕು. ಮನೆಗೆ ಬಂದ, ಮನೆಯಿಂದ ಹೋದ ಪರಸ್ಥಳದವರ ಸುದ್ದಿಯನ್ನು ನಗರದ ಅಧಿಕಾರಿಗಳಿಗೆ ಮುಟ್ಟಿಸಬೇಕೆಂಬ ನಿಯಮವೂ ಇದೆ. ಇಂದು ಪೊಲೀಸ್ ಠಾಣೆಯಲ್ಲಿ ತುಂಬಿಕೊಡುವ ಬಾಡಿಗೆದಾರರ ಫಾರಮ್ಮಿಗೆ ಅದು ಮುತ್ತಜ್ಜ. ಯಾರನ್ನೂ ಸುಲಭವಾಗಿ ನಂಬದ, ಗೂಢಚಾರರ ಹಿಂದೆ ಗೂಢಚಾರರನ್ನು ಬಿಟ್ಟ ಕೌಟಿಲ್ಯನಿಗೇ ಹಳೆ ಓನರಿಗೊಂದು ಮಾತು ಕೇಳಿಬಿಡು ಎಂದು ಬರೆಯಲು ತೋಚಲಿಲ್ಲ. ವಿದೇಶದ ಕಡೆ ನೋಡುವವರಿಗೆ ಜರ್ಮನಿಯ ದೃಷ್ಟಾಂತವಿದೆ. ಮ್ಯೂನಿಕ್, ಬರ್ಲಿನ್‌ಗಳಿಗೆ ಕೆಲಸಕ್ಕೆ ಹೋದ ಕನ್ನಡಿಗರೂ ಬಾಡಿಗೆ ಬಾಕಿಯಿಲ್ಲವೆಂಬ ಹಳೆ ಮಾಲೀಕನ ಪತ್ರಕ್ಕಾಗಿ ಅಲೆಯುವುದುಂಟು. ಅಂಥ ಪತ್ರ ಕೊಡಲೇಬೇಕೆಂಬ ಬಾಧ್ಯತೆ ಮಾಲೀಕನಿಗಿಲ್ಲವೆಂದು ಅಲ್ಲಿಯ ಫೆಡರಲ್ ನ್ಯಾಯಾಲಯ 2009ರಲ್ಲಿ ತೀರ್ಪಿತ್ತಿತು. ಕೊಡಬೇಕಾದ ಅಗತ್ಯವಿಲ್ಲದ ಪತ್ರವನ್ನು ತರಲೇಬೇಕು ಎಂಬ ಸೂಕ್ಷ್ಮವನ್ನು ಕಾಂಟನ ದೇಶವೇ ಬಗೆಹರಿಸಿಕೊಳ್ಳಲಿ.

ನಮ್ಮ ಪಕ್ಷಕ್ಕೆ ನಿಜವಾದ ಬಲ ಸಿಗುವುದು ಕಲ್ಯಾಣದಿಂದ. ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಯಾವ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದನೋ ಆ ಸ್ಮೃತಿ ವ್ಯಾಜ್ಯಗಳಿಗೆ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನು ಹೇಳಿ, ಮೂರೂ ಇಲ್ಲದಾಗ ದಿವ್ಯಗಳಿಗೆ ಹೋಗಬೇಕೆನ್ನುತ್ತದೆ. ತಕ್ಕಡಿ, ಬೆಂಕಿ, ನೀರು, ವಿಷ, ಕೋಶ ಎಂದು ದಿವ್ಯಗಳು ಐದು. ಪೂರ್ವಮಾಲೀಕನ ಸಾಕ್ಷಿಯಿಲ್ಲದೆ ಬಂದವನ ಮೇಲೆ ಬೆಂಗಳೂರು ಈ ಐದನ್ನೂ ಪ್ರಯೋಗಿಸುತ್ತದೆಂಬುದನ್ನು ಹಿಂದಿನ ವ್ಯಾಖ್ಯಾನಕಾರರು ಗಮನಿಸಿದಂತಿಲ್ಲ. ತಕ್ಕಡಿಯ ದಿವ್ಯದಲ್ಲಿ ಆರೋಪಿಯನ್ನು ಎರಡು ಸಲ ತೂಗುತ್ತಾರೆ. ಎರಡನೆಯ ಸಲ ಮೇಲೆದ್ದವನು ಶುದ್ಧ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಟ್ಟ ಮೇಲೆ ಹಗುರವಾಗದ ಮನುಷ್ಯನಿಲ್ಲವಾದ್ದರಿಂದ ಇದರಲ್ಲಿ ಎಲ್ಲರೂ ಪಾಸಾಗುತ್ತಾರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಠೇವಣಿ ಸಾಕೆನ್ನುತ್ತದೆ. ಮಾದರಿಯೆಂದರೆ ಷೋಕೇಸಿನಲ್ಲಿಡುವಂಥದ್ದೆಂದು ಮಾಲೀಕರು ಸರಿಯಾಗಿಯೇ ತಿಳಿದಿದ್ದಾರೆ. ನೀರಿನ ದಿವ್ಯದಲ್ಲಿ, ಬಿಟ್ಟ ಬಾಣವನ್ನು ಒಬ್ಬ ಓಡಿಹೋಗಿ ತರುವವರೆಗೆ ಆರೋಪಿ ಮುಳುಗಿರಬೇಕು. ಇಲ್ಲಿ ಟ್ಯಾಂಕರ್ ಬರುವವರೆಗೆ ಒಣಗಿರಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಊರಿಗೆ ಊರೇ ಆ ಪರೀಕ್ಷೆಗೆ ಕುಳಿತಿತ್ತು. ವಿಷವೆಂದರೆ ಷರತ್ತುಗಳ ಪಟ್ಟಿ: ಹತ್ತಕ್ಕೆ ಗೇಟು ಹಾಕುತ್ತೇವೆ, ಮೊಳೆ ಹೊಡೆಯುವಂತಿಲ್ಲ, ನೆಂಟರು ಬಂದರೆ ಎರಡು ದಿನ. ಮುಖಭಾವ ಕೆಡದಂತೆ ಅರಗಿಸಿಕೊಂಡವನು ಗೆದ್ದ. ಕೋಶದ ದಿವ್ಯದಲ್ಲಿ ದೇವರ ಅಭಿಷೇಕದ ನೀರು ಕುಡಿದು ಹದಿನಾಲ್ಕು ದಿನದೊಳಗೆ ಕೇಡಾಗದಿದ್ದರೆ ನಿರ್ದೋಷಿ. ಟೋಕನ್ ಅಡ್ವಾನ್ಸ್ ಕೊಟ್ಟು, ಮಾಲೀಕನ ಮನಸ್ಸು ಬದಲಾಗದಿರಲೆಂದು ಕಾಯುವ ದಿನಗಳು ಇವೇ. ಬೆಂಕಿಯದು ಮಾತ್ರ ನಗುವ ವಿಷಯವಲ್ಲ. ಕಾದ ಕಬ್ಬಿಣ ಹಿಡಿದು ಏಳು ಮಂಡಲ ದಾಟುವ ಆ ಪರೀಕ್ಷೆ ಈಗ ಅಡುಗೆಮನೆಗೆ ಬಂದಿದೆ. ಮೊಟ್ಟೆ ತಿಂತೀರಾ, ಮೀನು ತಿಂತೀರಾ, ಹಬ್ಬಕ್ಕೇನು ಮಾಡ್ತೀರಾ ಎಂದು, ಜಾತಿಯನ್ನು ನೇರ ಕೇಳಿದರೆ ಚೆನ್ನಾಗಿರದೆಂದು ಒಲೆಯ ಮೂಲಕ ಕೇಳುತ್ತಾರೆ. ಕೆಲವು ಹೆಸರುಗಳವರಿಗೆ ಒಲೆಯವರೆಗೂ ಪ್ರವೇಶವಿಲ್ಲ. ಹೆಸರು ಕೇಳಿದ ಮೇಲೆ ಮನೆ ಆಗಲೇ ಹೋಗಿರುತ್ತದೆ, ಬೋರ್ಡು ಮಾತ್ರ ತೂಗುತ್ತಲೇ ಇರುತ್ತದೆ. ಅಂಥವರು ಹತ್ತು ಮಾಲೀಕರ ಪತ್ರ ತಂದರೂ ಓದುವವರಿಲ್ಲ. ಪತ್ರದಿಂದ ಏನನ್ನು ತಿಳಿಯಬೇಕಾಗಿತ್ತೆಂಬುದು ಇದರಿಂದ ಸಾಕಷ್ಟು ತಿಳಿಯುತ್ತದೆ.

ದಿವ್ಯಕ್ಕೆ ಸ್ಮೃತಿ ಒಂದು ಕಟ್ಟುಪಾಡನ್ನೂ ಹಾಕಿದೆ. ಆರೋಪಿ ಗೆದ್ದರೆ ತಾನು ದಂಡ ತೆರುತ್ತೇನೆಂದು ಅಭಿಯೋಕ್ತ ಮೊದಲೇ ತಲೆಕೊಡಬೇಕು. ಬಾಡಿಗೆದಾರ ಐದೂ ದಿವ್ಯಗಳಲ್ಲಿ ಗೆದ್ದದ್ದಕ್ಕೆ ದಂಡ ತೆತ್ತ ಮಾಲೀಕನನ್ನು ಯಾವ ಶಾಸನವೂ ದಾಖಲಿಸಿಲ್ಲ. ದಿವ್ಯವಾದ ಮೇಲೂ ಫೋನು ಮಾಡುತ್ತೇನೆನ್ನುವವನಿಗೆ ಇನ್ನೊಂದು ಮಾತು: ಗೊತ್ತಿರದಿದ್ದುದನ್ನು ತಿಳಿಸಿಕೊಟ್ಟರೆ ಮಾತ್ರ ಪ್ರಮಾಣ, ಗೊತ್ತಿದ್ದುದನ್ನೇ ಮತ್ತೆ ಹೇಳಿದರೆ ಅದು ಅನುವಾದ ಎನ್ನುತ್ತಾರೆ ಮೀಮಾಂಸಕರಲ್ಲೇ ಭಾಟ್ಟ ಪಂಥದವರು. ಹತ್ತು ತಿಂಗಳ ಬಾಡಿಗೆ ಪೆಟ್ಟಿಗೆಯಲ್ಲಿದ್ದ ಮೇಲೆ ಬಾಡಿಗೆದಾರ ಒಳ್ಳೆಯವನೆಂಬುದು ಸಿದ್ಧವಾಗಿಯೇ ಇದೆ.

ಕೊನೆಯ ಆಕ್ಷೇಪ ಗಟ್ಟಿಯಾದದ್ದು, ಅದನ್ನು ಮರೆಮಾಚುವುದು ತರವಲ್ಲ. ಬಾಡಿಗೆ ಕೊಡದೆ ಬೀಡುಬಿಟ್ಟವರು ಇದ್ದಾರೆ, ಕೋರ್ಟಿಗೆ ಹೋದರೆ ವರ್ಷಗಳು ಹಿಡಿಯುತ್ತವೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯನ್ನು ಹೊರಗಿಟ್ಟಿರುವುದರಿಂದ, ಇವತ್ತು ಬೆಂಗಳೂರಿನಲ್ಲಿ ಕಾರು ನಿಲ್ಲಿಸಲು ಜಾಗ ಹಿಡಿದವನನ್ನಷ್ಟೇ ಅದು ನೆನೆಯಬಲ್ಲುದು. ನಿವೃತ್ತಿಯ ಹಣವನ್ನೆಲ್ಲ ಸುರಿದು ಮೇಲೊಂದು ಮಹಡಿ ಎಬ್ಬಿಸಿದ ಮಾಸ್ತರರೊಬ್ಬರು ಅಳುಕುವುದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಆದರೆ ಅಳುಕು ಒಂದೇ ಕಡೆಯದೆಂದು ಯಾರು ಹೇಳಿದರು? ಹತ್ತು ತಿಂಗಳ ಬಾಡಿಗೆಯನ್ನು ಅಪರಿಚಿತನೊಬ್ಬನ ಕೈಗೆ ಬಡ್ಡಿಯಿಲ್ಲದೆ ಕೊಡುತ್ತಿರುವವನು ಬಾಡಿಗೆದಾರ. ಸಾಲ ಕೊಡುವವನು ಸಾಲಗಾರನ ಪೂರ್ವಾಪರ ವಿಚಾರಿಸುವುದು ಲೋಕರೂಢಿ. ಆದ್ದರಿಂದ ಕೇಳಬೇಕಾದದ್ದು ಮಾಲೀಕನನ್ನು ಕುರಿತು ಪೂರ್ವ ಬಾಡಿಗೆದಾರನ ವಾಕ್ಯವನ್ನು. ಅವನಲ್ಲಿ ಆಪ್ತನ ಎರಡು ಲಕ್ಷಣಗಳೂ ಪೂರ್ಣವಾಗಿವೆ. ಆಷಾಢದಲ್ಲಿ ಯಾವ ಮೂಲೆ ಸೋರುತ್ತದೆಂಬುದು ಅವನಿಗೆ ಸಾಕ್ಷಾತ್ತಾಗಿ ಗೊತ್ತು, ಅಡ್ವಾನ್ಸ್ ಕೈಸೇರಿದ ಮೇಲೆ ಸುಳ್ಳಾಡಿ ಅವನಿಗಾಗಬೇಕಾದದ್ದು ಏನೂ ಇಲ್ಲ. ಅವನು ಸಿಗುವುದೆಲ್ಲಿ ಎಂದರೆ, ಅವನ ಹೆಸರಿಗೆ ಇನ್ನೂ ಬರುತ್ತಿರುವ ಕೊರಿಯರ್ ಲಕೋಟೆಗಳ ಮೇಲೆ ನಂಬರು ಇದ್ದೇ ಇರುತ್ತದೆ. ಅಡ್ವಾನ್ಸ್ ಇನ್ನೂ ಕೈಸೇರಿಲ್ಲವೆಂದು ಅವನು ಹೇಳಿದರೆ ಏನು ಮಾಡಬೇಕು, ಆ ನಂಬರಿಗೆ ಮಾಲೀಕನ ಭಾವಮೈದುನನೇ ಉತ್ತರಿಸಿದರೆ ಅದು ಯಾವ ಹೇತ್ವಾಭಾಸ ಎಂಬ ಶಂಕೆಗಳು ಉಳಿದಿವೆ. ಅವಕ್ಕೆ ಸಮಾಧಾನವನ್ನು 11 ತಿಂಗಳು ಕಳೆದ ಮೇಲೆ, ರೂಢಿಯಲ್ಲಿರುವ ಶೇಕಡಾ ಐದರ ಹೆಚ್ಚಳದೊಂದಿಗೆ, ಹೊಸ ಛಾಪಾಕಾಗದದ ಮೇಲೆ ಬರೆಯಲಾಗುವುದು.